ಎಐಟಿಎ ನೋಂದಣಿ ಮಾಡಿಸಿದರೆ ನನ್ನ ಮಗನಿಗೆ ಏನು ಸಿಗುತ್ತೆ?

ಹಾಸನದಿಂದ ಕೇಳಿದ್ದೀರಿ. ಮಗನಿಗೆ 9 ವರ್ಷ, ಒಂದೂವರೆ ವರ್ಷದಿಂದ ಟೆನಿಸ್ ಕಲಿಯುತ್ತಿದ್ದಾನೆ. ಕೋಚ್ ‘ಎಐಟಿಎ (ಅಖಿಲ ಭಾರತ ಟೆನಿಸ್ ಸಂಸ್ಥೆ) ನೋಂದಣಿ ಮಾಡಿಸಿಬಿಡಿ’ ಎನ್ನುತ್ತಿದ್ದಾರೆ. ದುಡ್ಡು ಕಟ್ಟಿದರೆ ಅವರೇ ತರಬೇತಿ ಕೊಡುತ್ತಾರಾ, ಅದು ಸರ್ಕಾರದ ಸಂಸ್ಥೆಯಾ, ನಡೆಸುವವರು ಯಾರು ಅಂತ ನಿಮ್ಮ ಪ್ರಶ್ನೆ.

ತರಬೇತಿ ಕೊಡುವುದಿಲ್ಲ. ಸರ್ಕಾರದ್ದೂ ಅಲ್ಲ. ನಡೆಸುವವರ ಕಥೆ ಸ್ವಲ್ಪ ಉದ್ದ, ಅದನ್ನು ಆಮೇಲೆ ಹೇಳುತ್ತೇನೆ.

ನಾನು ಚಿಕ್ಕಮಗಳೂರಿನವನು. ಇಲ್ಲಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕೆಲಸ. ಮಗಳು ಹತ್ತರಿಂದ ಹದಿನಾರನೇ ವಯಸ್ಸಿನವರೆಗೆ ಟೂರ್ನಮೆಂಟ್ ಆಡಿದಳು. ಆ ಆರು ವರ್ಷದಲ್ಲಿ ಅರ್ಥವಾಗಿದ್ದನ್ನು ನಮ್ಮ ಕೆಲಸದ ಭಾಷೆಯಲ್ಲೇ ಹೇಳಿಬಿಡುತ್ತೇನೆ. ತೋಟದಿಂದ ಪಾರ್ಚ್‌ಮೆಂಟ್, ಅಂದರೆ ಒಳಸಿಪ್ಪೆ ಇರುವ ಒಣ ಕಾಫಿ ಬೀಜ ಬರುತ್ತದೆ. ನಾವು ಸಿಪ್ಪೆ ತೆಗೆದು, ಜರಡಿ ಹಿಡಿದು, ಎಎ, ಎ, ಬಿ, ಸಣ್ಣ ಕಾಳು ಸಿ, ಒಂಟಿ ಕಾಳು ಪಿಬಿ ಅಂತ ಬೇರೆ ಮಾಡುತ್ತೇವೆ. ಗಿಡ ನೆಟ್ಟವರು, ಗೊಬ್ಬರ ಹಾಕಿದವರು, ಹೂಮಳೆಗೆ ಕಾದು ಕೂತವರು ನಾವಲ್ಲ. ನಮ್ಮ ದೇಶದ ಟೆನಿಸ್ ಸಂಸ್ಥೆಯೂ ಹೆಚ್ಚುಕಡಿಮೆ ಹಾಗೇ. ಅದರ ಕೈಯಲ್ಲಿರುವುದು ಜರಡಿ. ತೋಟ ನಿಮ್ಮದು.

ಈ ಜರಡಿಯ ಮೇಲೆ ಇನ್ನೊಂದು ಮನೆ ಇದೆ. ಲಂಡನ್‌ನಲ್ಲಿರುವ ಐಟಿಎಫ್, ಅಂದರೆ ಅಂತಾರಾಷ್ಟ್ರೀಯ ಟೆನಿಸ್ ಫೆಡರೇಷನ್. 1913ರಲ್ಲಿ ಪ್ಯಾರಿಸ್‌ನಲ್ಲಿ ಶುರುವಾಯಿತು. ಆಟದ ನಿಯಮ, ಬಾಲಿನ ತೂಕ, ದೇಶ ದೇಶಗಳ ಪುರುಷರ ತಂಡಗಳು ಆಡುವ ಡೇವಿಸ್ ಕಪ್ ಎಲ್ಲ ಅದರ ಕೈಯಲ್ಲಿ. ಅದರ ಕೆಳಗೆ ದೇಶಕ್ಕೊಂದು ಸಂಸ್ಥೆ. ನಮ್ಮ ಎಐಟಿಎ 1920ರದ್ದು, ಮರುವರ್ಷವೇ ಭಾರತ ಡೇವಿಸ್ ಕಪ್‌ಗೆ ಇಳಿಯಿತು. ಕಚೇರಿ ದೆಹಲಿಯ ಆರ್.ಕೆ. ಖನ್ನಾ ಸ್ಟೇಡಿಯಂನಲ್ಲಿ. ಅದರ ಕೆಳಗೆ ರಾಜ್ಯಕ್ಕೊಂದು ಸಂಸ್ಥೆ. ನಮ್ಮ ಕೆಎಸ್‌ಎಲ್‌ಟಿಎ, ಅಂದರೆ ಕರ್ನಾಟಕ ರಾಜ್ಯ ಲಾನ್ ಟೆನಿಸ್ ಸಂಸ್ಥೆ, ಬೆಂಗಳೂರಿನ ಕಬ್ಬನ್ ಪಾರ್ಕ್‌ನಲ್ಲಿದೆ. ಎಐಟಿಎ ಚುನಾವಣೆಯಲ್ಲಿ ಓಟು ಹಾಕುವವರು ಈ ರಾಜ್ಯ ಸಂಸ್ಥೆಗಳವರು. ನೋಂದಣಿ ದುಡ್ಡು ಕಟ್ಟಿದ ಮಾತ್ರಕ್ಕೆ ನಿಮಗಾಗಲಿ ನಿಮ್ಮ ಮಗನಿಗಾಗಲಿ ಓಟು ಬರುವುದಿಲ್ಲ. ಬರುವುದು ಒಂದು ನೋಂದಣಿ ಸಂಖ್ಯೆ, ಅಷ್ಟೇ.

ಆದರೆ ಆ ಸಂಖ್ಯೆ ಇಲ್ಲದೆ ಹುಡುಗ ಜರಡಿಗೇ ಹೋಗುವುದಿಲ್ಲ. ರ‍್ಯಾಂಕಿಂಗ್ ಇರುವ ಯಾವ ಟೂರ್ನಮೆಂಟಿಗೂ ಎಂಟ್ರಿ ಸಿಗುವುದಿಲ್ಲ. ವರ್ಷಪೂರ್ತಿ ದೇಶದ ಯಾವ್ಯಾವ ಊರಿನಲ್ಲಿ ಯಾವ ವಾರ ಯಾವ ಟೂರ್ನಮೆಂಟ್ ಅಂತ ಎಐಟಿಎ ಪಟ್ಟಿ ಹಾಕುತ್ತದೆ. ನಡೆಸುವವರು ಅಲ್ಲಲ್ಲಿನ ಕ್ಲಬ್ಬಿನವರು, ಅಕಾಡೆಮಿಯವರು. ಅನುಮತಿ ಮತ್ತು ಪಾಯಿಂಟ್ ಸಂಸ್ಥೆಯದ್ದು. ಕೆಳಗಿನಿಂದ ಟ್ಯಾಲೆಂಟ್ ಸೀರೀಸ್, ಚಾಂಪಿಯನ್‌ಶಿಪ್ ಸೀರೀಸ್, ಸೂಪರ್ ಸೀರೀಸ್, ನ್ಯಾಷನಲ್ ಸೀರೀಸ್ ಅಂತ ಮೆಟ್ಟಿಲು. ಮೇಲೆ ಹೋದಷ್ಟೂ ಪಾಯಿಂಟ್ ಜಾಸ್ತಿ. ಅಂಡರ್ 12, 14, 16, 18 ಅಂತ ವಯಸ್ಸಿನ ವಿಭಾಗಗಳು. ಹಿಂದಿನ 52 ವಾರದಲ್ಲಿ ಗಳಿಸಿದ್ದು ಮಾತ್ರ ಲೆಕ್ಕಕ್ಕೆ, ಹಳೆಯದು ಉದುರಿಹೋಗುತ್ತದೆ. ಹದಿಮೂರು ತುಂಬಿದ ಮೇಲೆ ಐಟಿಎಫ್ ಜೂನಿಯರ್ ಟೂರ್ನಮೆಂಟ್‌ಗಳಿಗೆ ಹೋಗಬಹುದು. ಅದಕ್ಕೆ ಬೇರೆ ನೋಂದಣಿ. ಜೆ30ರಿಂದ ಜೆ500ವರೆಗೆ ಅದರ ಮೆಟ್ಟಿಲುಗಳೇ ಬೇರೆ. ಆ ಚಿಂತೆ ನಿಮಗೆ ಈಗಲೇ ಬೇಡ.

ಮಗಳ ಮೊದಲ ಮ್ಯಾಚು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಬೆಂಗಳೂರಿನ ಹೊರಗೆ ಒಂದು ಅಕಾಡೆಮಿ, ಅಂಡರ್ 12 ಅರ್ಹತಾ ಸುತ್ತು, ಮಣ್ಣಿನ ಕೋರ್ಟು. ಟಿವಿಯಲ್ಲಿ ನೋಡಿದ ಹಾಗೆ ಎತ್ತರದ ಕುರ್ಚಿಯಲ್ಲಿ ಅಂಪೈರ್ ಕೂತಿರುತ್ತಾರೆ ಅಂದುಕೊಂಡಿದ್ದೆ. ಯಾರೂ ಇಲ್ಲ! ಆರು ಕೋರ್ಟಿಗೆ ಓಡಾಡಿಕೊಂಡಿರುವ ಒಬ್ಬರು ಅಂಪೈರ್. ನೆಟ್ಟಿನ ಈ ಕಡೆ ಬಿದ್ದ ಬಾಲಿಗೆ ಈ ಕಡೆಯ ಮಗುವೇ ತೀರ್ಪು ಹೇಳಬೇಕು, ಆ ಕಡೆಯದಕ್ಕೆ ಆ ಮಗು. ನಮ್ಮವಳು ರಸ್ತೆಯಲ್ಲಿ ಕ್ರಿಕೆಟ್ ಆಡಿ ಬೆಳೆದವಳು. ಗೆರೆ ಹತ್ತಿರ ಬಿದ್ದ ಒಂದು ಬಾಲಿಗೆ ಮೊದಲು ‘ಔಟ್’ ಅಂದಳು. ಆಮೇಲೆ ತಲೆ ಕೆರೆದುಕೊಂಡು, ‘ಗೊತ್ತಾಗ್ಲಿಲ್ಲ, ಇನ್ನೊಂದ್ಸಲ ಆಡೋಣ್ವಾ’ ಅಂತ ಕೇಳಿದಳು. ಅಷ್ಟರಲ್ಲಿ ಅಂಪೈರ್ ಬಂದರು. ಸಂಶಯ ಇದ್ದರೆ ಬಾಲು ಒಳಗೇ ಬಿದ್ದಿದೆ ಅಂತ ಲೆಕ್ಕ, ಇನ್ನೊಂದ್ಸಲ ಆಡುವ ಹಾಗಿಲ್ಲ, ಪಾಯಿಂಟ್ ಎದುರಾಳಿಗೆ. ಇವಳ ಮುಖ ಕೆಂಪಾಯಿತು. ನಾನು ಬೇಲಿಯ ಆಚೆ ನಿಂತು ಟೋಪಿ ಸರಿಮಾಡಿಕೊಂಡೆ. ಅಂಪೈರ್ ನನ್ನ ಕಡೆ ಒಂದು ನೋಟ ಬಿಟ್ಟರು. ಸನ್ನೆ ಮಾಡುತ್ತಿದ್ದೇನೆ ಅಂದುಕೊಂಡರು ಅಂತ ಕಾಣುತ್ತದೆ. ಪಕ್ಕದ ಕೋರ್ಟಿನ ಒಬ್ಬ ಅಪ್ಪನಿಗಂತೂ ಮಗ ಸರ್ವ್ ಮಾಡುವಾಗಲೆಲ್ಲ ಕೆಮ್ಮು ಬರುತ್ತಿತ್ತು.

ಸೋತಳು. ವಾಪಸ್ ಬಸ್ಸಿನಲ್ಲಿ ಹಾಸನ ದಾಟುವವರೆಗೂ ಮಾತಿಲ್ಲ. ಬೇಲೂರು ಹತ್ತಿರ ಬಂದಾಗ, ‘ಅಪ್ಪಾ, ಆ ಬಾಲು ಒಳಗೇ ಬಿದ್ದಿತ್ತು’ ಅಂದಳು.

ಆಟವನ್ನು ಆಳುವುದು ಅಂದರೆ ಇದೇ ಅಂತ ನನಗೆ ಆವತ್ತು ಗೊತ್ತಾಯಿತು. ದೆಹಲಿಯ ಸಭೆಗಿಂತ ಮೊದಲು ಅದು ಮಣ್ಣಿನ ಮೇಲಿನ ಗೆರೆಯಲ್ಲಿ ಕಾಣುತ್ತದೆ. ಹತ್ತು ವರ್ಷದ ಮಗು ತನ್ನ ವಿರುದ್ಧ ತಾನೇ ತೀರ್ಪು ಹೇಳಬೇಕು. ಸುಳ್ಳು ಹೇಳುವ ಮಕ್ಕಳೂ ಸಿಗುತ್ತಾರೆ, ಹೇಳಿಸುವ ಅಪ್ಪಂದಿರೂ ಸಿಗುತ್ತಾರೆ. ಅಂಡರ್ 12 ಡ್ರಾದಲ್ಲಿ (ಯಾರಿಗೆ ಯಾರು ಎದುರಾಳಿ ಅನ್ನುವ ಪಟ್ಟಿ) ಮೀಸೆ ಚಿಗುರಿದ ಹುಡುಗರನ್ನೂ ನೋಡಿದ್ದೇನೆ. ಹಾಗಾಗಿ ಜನನ ಪ್ರಮಾಣಪತ್ರ ಸರಿಯಾಗಿ ಇಟ್ಟುಕೊಳ್ಳಿ. ಹೆಸರಿನಲ್ಲಿ ಒಂದು ಅಕ್ಷರ ಹೆಚ್ಚುಕಡಿಮೆ ಇದ್ದರೂ ಈಗಲೇ ತಿದ್ದಿಸಿಬಿಡಿ.

ನಾನು ಮಾಡಿದ ಒಂದು ತಪ್ಪು ನೀವು ಮಾಡಬೇಡಿ. ಮಗಳಿಗೆ 13 ಇದ್ದಾಗ, ಆಗಸ್ಟ್ ತಿಂಗಳು. ನಮ್ಮ ಕಡೆಯ ಮಳೆ ನಿಮಗೆ ಗೊತ್ತಲ್ಲ. ಕೋರ್ಟಿನಲ್ಲಿ ನೀರು ನಿಂತು ಮೂರು ವಾರ ಅಭ್ಯಾಸವೇ ಇಲ್ಲ, ಮೇಲಿಂದ ಇವಳಿಗೆ ಜ್ವರ. ಟೂರ್ನಮೆಂಟಿಗೆ ಬರುವುದಿಲ್ಲ ಅಂತ ಕೋಚ್‌ಗೆ ಫೋನ್ ಮಾಡಿ ಹೇಳಿ ಸುಮ್ನೆ ಕೂತೆ. ಹೆಸರು ವಾಪಸ್ ಪಡೆಯುವುದಕ್ಕೆ ಗಡುವು ಇರುತ್ತದೆ, ಅದನ್ನು ನಾವೇ ಬರೆದು ತಿಳಿಸಬೇಕು ಅನ್ನುವುದು ತಲೆಗೇ ಹೋಗಲಿಲ್ಲ. ಡ್ರಾದಲ್ಲಿ ಹೆಸರು ಬಂತು, ಇವಳು ಹೋಗಲಿಲ್ಲ. ದಂಡ ಬಿತ್ತು. ಕೋಪ ಬಂದಿದ್ದು ನಿಜ. ಆದರೆ ಯೋಚನೆ ಮಾಡಿದರೆ, ಕಾಯುವ ಪಟ್ಟಿಯಲ್ಲಿದ್ದ ಇನ್ಯಾವುದೋ ಊರಿನ ಮಗುವಿನ ಜಾಗ ನಮ್ಮಿಂದ ಹೋಯಿತು. ದಂಡ ಕಟ್ಟಿದೆ.

ಇನ್ನೊಂದು ಚಟ ಇದೆ, ಪಾಯಿಂಟ್ ಬೇಟೆ. ದೂರದ ಊರುಗಳಲ್ಲಿ ಕೆಲವು ಟೂರ್ನಮೆಂಟಿಗೆ ಆಟಗಾರರೇ ಕಡಿಮೆ. ಅಲ್ಲಿಗೆ ಹೋದರೆ ಎರಡು ಮ್ಯಾಚ್ ಗೆದ್ದು ರ‍್ಯಾಂಕ್ ಏರಿಸಿಕೊಳ್ಳಬಹುದು. ನಾನೂ ಒಂದು ವರ್ಷ ರೈಲಿನಲ್ಲಿ ಸುತ್ತಿಸಿದ್ದೇನೆ. ಕಣ್ಣು ಸಣ್ಣ ಇರುವ ಜರಡಿಯಲ್ಲಿ ಸಿ ಕಾಳೂ ಮೇಲೇ ನಿಲ್ಲುತ್ತದೆ. ಮುಂದಿನ ಜರಡಿಯಲ್ಲಿ ಉದುರುತ್ತದೆ. ನಮ್ಮವಳೂ ಉದುರಿದಳು.

ಹಾಗಾದರೆ ಸಂಸ್ಥೆ ಬೆಳೆಸುವ ಕೆಲಸ ಮಾಡುವುದೇ ಇಲ್ಲವಾ? ಮಾಡುತ್ತದೆ. ಡೇವಿಸ್ ಕಪ್, ಹೆಂಗಸರ ಬಿಲ್ಲಿ ಜೀನ್ ಕಿಂಗ್ ಕಪ್ ತಂಡ ಆರಿಸುತ್ತದೆ, ಶಿಬಿರ ನಡೆಸುತ್ತದೆ, ಐಟಿಎಫ್ ಜೊತೆ ಸೇರಿ ಕೋಚ್‌ಗಳಿಗೆ ಲೆವೆಲ್ 1, ಲೆವೆಲ್ 2 ಅಂತ ಕೋರ್ಸ್ ಮಾಡಿಸುತ್ತದೆ. ನಿಮ್ಮ ಕೋಚ್ ಅದನ್ನು ಮಾಡಿದ್ದಾರಾ ಅಂತ ಕೇಳಿ, ಸಂಕೋಚ ಬೇಡ. ಆದರೆ ಹಾಸನದ ಒಂಬತ್ತು ವರ್ಷದ ಹುಡುಗನವರೆಗೆ ಅದರ ದುಡ್ಡು ಬರುವುದಿಲ್ಲ. ಕಾರಣ ಸುಲಭ. ಬ್ರಿಟನ್ನಿನ ಸಂಸ್ಥೆಗೆ ವಿಂಬಲ್ಡನ್ ಲಾಭದ ದೊಡ್ಡ ಪಾಲು ಹೋಗುತ್ತದೆ. ಫ್ರಾನ್ಸ್, ಅಮೆರಿಕ, ಆಸ್ಟ್ರೇಲಿಯಾದ ಸಂಸ್ಥೆಗಳಿಗೆ ತಮ್ಮ ತಮ್ಮ ಗ್ರ್ಯಾಂಡ್ ಸ್ಲಾಮೇ ಇದೆ. ಟಿಕೆಟ್, ಟಿವಿ, ಜಾಹೀರಾತು ಎಲ್ಲ ಸೇರಿ ಮನೆಯ ಹಿತ್ತಲಲ್ಲೇ ಕಾಮಧೇನು. ಆ ದುಡ್ಡಿನಲ್ಲಿ ಕೋರ್ಟು, ಶಾಲೆ, ಕೋಚ್. ನಮ್ಮಲ್ಲಿ ಅಂಥದ್ದಿಲ್ಲ. ಇದ್ದ ಒಂದು ಎಟಿಪಿ (ಪುರುಷರ ವೃತ್ತಿಪರ ಟೆನಿಸ್) ಟೂರ್ನಮೆಂಟ್ ಚೆನ್ನೈಯಲ್ಲಿ 1997ರಿಂದ 2017ರವರೆಗೆ ನಡೆದು, ಪುಣೆಗೆ ಹೋಗಿ, 2023ರ ನಂತರ ನಿಂತಿತು. ಉಳಿದಿದ್ದು ಕ್ರೀಡಾ ಸಚಿವಾಲಯದ ಅನುದಾನ, ಪ್ರಾಯೋಜಕರು, ಆಮೇಲೆ ನಾವು ಕಟ್ಟುವ ಎಂಟ್ರಿ ಫೀಸು.

ಹಾಗಾಗಿ ನಮ್ಮ ಮಲೆನಾಡಿನ ಕಡೆ ಟೆನಿಸ್ ಉಳಿದಿರುವುದೇ ಪ್ಲಾಂಟರುಗಳ ಕ್ಲಬ್ಬುಗಳಿಂದ. ಬ್ರಿಟಿಷರು ತೋಟದ ಜೊತೆ ಕೋರ್ಟನ್ನೂ ಹಾಕಿಸಿಕೊಂಡಿದ್ದರು. ಪಕ್ಕದ ಕೊಡಗಿನ ರೋಹನ್ ಬೋಪಣ್ಣ ಕೂಡ ಕಾಫಿ ಬೆಳೆಗಾರರ ಮಗನೇ ಅಲ್ವಾ. 2024ರ ಜನವರಿಯಲ್ಲಿ, 43ನೇ ವಯಸ್ಸಿನಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದು, ಡಬಲ್ಸ್‌ನಲ್ಲಿ ಜಗತ್ತಿನ ನಂಬರ್ ಒನ್ ಆದರು. ಅಷ್ಟು ವಯಸ್ಸಿನಲ್ಲಿ ಆ ಜಾಗಕ್ಕೆ ಮೊದಲ ಸಲ ಏರಿದವರು ಇನ್ನೊಬ್ಬರಿಲ್ಲ. ಅವರು ಚಿಕ್ಕವರಿದ್ದಾಗ ಅವರ ಖರ್ಚಿನ ಹೊರೆ ಹೊತ್ತಿದ್ದು ಮನೆಯವರು.

ಈಗ ನಡೆಸುವವರ ಕಥೆ. ಹಿಂದಿನಿಂದಲೂ ರಾಜಕಾರಣಿಗಳು, ಅಧಿಕಾರಿಗಳು, ಉದ್ಯಮಿಗಳು. ಎಲ್ಲರೂ ಆಟ ಗೊತ್ತಿಲ್ಲದವರು ಅಂತ ತಳ್ಳಿಹಾಕುವ ಹಾಗಿಲ್ಲ. ನಮ್ಮ ಎಸ್.ಎಂ. ಕೃಷ್ಣ ಅವರು ಕೆಎಸ್‌ಎಲ್‌ಟಿಎ ಅಧ್ಯಕ್ಷರಾಗಿದ್ದರು. ಟೆನಿಸ್ ಎಂದರೆ ಅವರಿಗೆ ಪ್ರಾಣ, ತಾವೂ ಆಡುತ್ತಿದ್ದರು. ತಂಡ ಆಡಬೇಕೋ ಬೇಡವೋ ಅನ್ನುವುದು ಆಟಗಾರರ ಕೈಯಲ್ಲಿರುವುದಿಲ್ಲ ಅನ್ನುವುದಕ್ಕೆ 1974 ನೋಡಿ. ಭಾರತ ಡೇವಿಸ್ ಕಪ್ ಫೈನಲ್ ತಲುಪಿತ್ತು, ಎದುರಾಳಿ ದಕ್ಷಿಣ ಆಫ್ರಿಕಾ. ಅಲ್ಲಿನ ವರ್ಣಭೇದ ನೀತಿಯನ್ನು ವಿರೋಧಿಸಿ ನಾವು ಆಡಲಿಲ್ಲ. ಕಪ್ಪು ಅವರಿಗೆ ಹೋಯಿತು. ನಮ್ಮ ತಂಡದ ಅಮೃತರಾಜ್ ಸಹೋದರರು ಗೆಲ್ಲುವ ಫಾರ್ಮಿನಲ್ಲಿದ್ದರು, ಆದರೂ ಆ ನಿರ್ಧಾರ ಸರಿ ಅಂತಲೇ ನನ್ನ ಅಭಿಪ್ರಾಯ. 2012ರ ಲಂಡನ್ ಒಲಿಂಪಿಕ್ಸ್ ಇದಕ್ಕೆ ಉಲ್ಟಾ. ಡಬಲ್ಸ್ ಆಟಗಾರರಾದ ಮಹೇಶ್ ಭೂಪತಿ, ಬೋಪಣ್ಣ ಇಬ್ಬರೂ ಲಿಯಾಂಡರ್ ಪೇಸ್ ಜೊತೆ ಆಡುವುದಿಲ್ಲ ಅಂದರು. ಜಗಳ ಬಿಡಿಸಲಾಗದೆ ಸಂಸ್ಥೆ ಎರಡು ಜೋಡಿ ಕಳಿಸಿತು. ಎರಡೂ ಪದಕವಿಲ್ಲದೆ ಬಂದವು. ಮನೆ ಪಾಲಾದ ಹಾಗಾಯಿತು.

ಚುನಾವಣೆ, ವಯಸ್ಸು, ಎಷ್ಟು ವರ್ಷ ಕುರ್ಚಿಯಲ್ಲಿರಬಹುದು ಅನ್ನುವುದಕ್ಕೆಲ್ಲ ಸರ್ಕಾರದ 2011ರ ಕ್ರೀಡಾ ಸಂಹಿತೆ ಇತ್ತು. ಅದನ್ನು ಪಾಲಿಸಿಲ್ಲ ಅಂತ ಮಾಜಿ ಆಟಗಾರರಾದ ಸೋಮದೇವ್ ದೇವವರ್ಮನ್, ಪೂರವ್ ರಾಜಾ 2024ರಲ್ಲಿ ಎಐಟಿಎ ಚುನಾವಣೆ ವಿಷಯವನ್ನು ದೆಹಲಿ ಹೈಕೋರ್ಟಿಗೆ ಒಯ್ದರು. 2025ರಲ್ಲಿ ಸಂಸತ್ತು ಕ್ರೀಡಾ ಆಡಳಿತಕ್ಕೇ ಒಂದು ಕಾಯ್ದೆ ಮಾಡಿತು. ಕಾರ್ಯಕಾರಿ ಸಮಿತಿಯಲ್ಲಿ ಆಟಗಾರರಿಗೆ, ಹೆಂಗಸರಿಗೆ ಜಾಗ ಕೊಡಲೇಬೇಕು, ಜಗಳಕ್ಕೆ ಪ್ರತ್ಯೇಕ ನ್ಯಾಯಮಂಡಳಿ ಇರಬೇಕು ಅಂತ ಅದರಲ್ಲಿದೆ. ಜರಡಿ ಹಿಡಿಯುವ ಕೈಗಳಲ್ಲಿ ಒಂದಾದರೂ ಆಡಿ ದಡ್ಡುಗಟ್ಟಿದ ಕೈ ಇದ್ದರೆ ನನಗೆ ಸಮಾಧಾನ.

ನಿಮ್ಮ ಮಗನ ವಿಷಯಕ್ಕೆ ಬರುತ್ತೇನೆ. ಈ ವರ್ಷ ನೋಂದಣಿಗೆ ಅವಸರ ಬೇಡ, ಹತ್ತು ತುಂಬಿದ ಮೇಲೆ ನೋಡಿ. ಅದಕ್ಕಿಂತ ಮುಖ್ಯ, ಅವನು ಯಾವ ಬಾಲಿನಲ್ಲಿ ಆಡುತ್ತಿದ್ದಾನೆ ಅಂತ ಹೋಗಿ ನೋಡಿ. ಐಟಿಎಫ್ ಮಾಡಿದ ಒಳ್ಳೆಯ ಕೆಲಸಗಳಲ್ಲಿ ಇದೊಂದು. ಪುಟ್ಟ ಮಕ್ಕಳಿಗೆ ಕೆಂಪು ಬಾಲು, ಮಾಮೂಲಿ ಬಾಲಿಗಿಂತ 75% ನಿಧಾನ. ಆಮೇಲೆ ಕಿತ್ತಳೆ, 50% ನಿಧಾನ, ಕೋರ್ಟು 18 ಮೀಟರ್ ಉದ್ದ ಸಾಕು. ಆಮೇಲೆ ಹಸಿರು, 25% ನಿಧಾನ, 23.77 ಮೀಟರಿನ ಪೂರ್ತಿ ಕೋರ್ಟು. 10 ವರ್ಷದೊಳಗಿನವರ ಸ್ಪರ್ಧೆಯಲ್ಲಿ ಮಾಮೂಲಿ ಹಳದಿ ಬಾಲು ಬಳಸುವ ಹಾಗಿಲ್ಲ ಅಂತ 2012ರಿಂದ ನಿಯಮವೇ ಇದೆ. ಹಳದಿ ಬಾಲು ಒಂಬತ್ತು ವರ್ಷದವನ ತಲೆ ಮೇಲೆ ಹಾರುತ್ತದೆ. ಅವನು ರ‍್ಯಾಕೆಟ್ ಎತ್ತಿ, ಹಿಂದೆ ಬಾಗಿ, ಹೇಗೋ ತಟ್ಟಿ ಕಳಿಸುತ್ತಾನೆ. ಆ ಅಭ್ಯಾಸ ಬಿಡಿಸುವುದಕ್ಕೆ ನಮ್ಮವಳಿಗೆ ಎರಡು ವರ್ಷ ಹಿಡಿಯಿತು. ಕಿತ್ತಳೆ ಬಾಲು ಸೊಂಟದ ಹತ್ತಿರ ಬಂದು ನಿಲ್ಲುತ್ತದೆ, ದೊಡ್ಡವರ ಹಾಗೆ ಬೀಸಿ ಹೊಡೆಯಬಹುದು.

ನಮ್ಮ ಕಡೆ ಬಹಳ ಜನ ಕೋಚ್‌ಗಳು ದೊಡ್ಡವರು ಆಡಿ ಬಿಟ್ಟ, ಗಾಳಿ ಹೋದ ಹಳದಿ ಬಾಲನ್ನೇ ಮಕ್ಕಳಿಗೆ ಕೊಡುತ್ತಾರೆ. ಅಂಗಡಿಯಲ್ಲಿ ಕಿತ್ತಳೆ ಬಾಲು ಸಿಗುವುದೂ ಕಷ್ಟ, ಬೆಂಗಳೂರಿನಿಂದ ತರಿಸಬೇಕು. ಮಗಳಿಗೆ ಅಂತ ತಡವಾಗಿ ತರಿಸಿದ ಒಂದು ಚೀಲ ನಮ್ಮ ಅಟ್ಟದ ಮೇಲೆ ಇನ್ನೂ ಇದೆ, ಮೂವತ್ತಾದರೂ ಇರಬೇಕು. ಸ್ವಲ್ಪ ಮೆತ್ತಗಾಗಿರಬಹುದು, ಆದರೂ ಪುಟಿಯುತ್ತವೆ. ಈ ಕಡೆ ಬರುವುದಿದ್ದರೆ ಒಂದು ಮೆಸೇಜ್ ಹಾಕಿ, ಇಳಿಸಿ ಇಟ್ಟಿರುತ್ತೇನೆ.