ಬೂಟು, ಅಲಗು, ಸ್ಟಿಕ್ಕು: ಐಸ್ ಹಾಕಿ ಪ್ರಶ್ನೋತ್ತರ

ಐಸ್ ಹಾಕಿಯ ಸಲಕರಣೆಗಳ ಬಗ್ಗೆ ಕೆನಡಾ, ಅಮೆರಿಕ, ಲೇಹ್‌ಗಳಿಂದಲೂ ನಮ್ಮ ಊರುಗಳಿಂದಲೂ ಓದುಗರು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ಆರಿಸಿಕೊಂಡಿದ್ದೇವೆ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇವೆ: ಕೈಯಲ್ಲಿರುವ ದುಡ್ಡು ಮೊದಲು ಬೂಟಿಗೆ, ಆಮೇಲೆ ಸಾಣೆಗೆ, ಉಳಿದರೆ ಸ್ಟಿಕ್ಕಿಗೆ. ಹೆಚ್ಚಿನವರು ಇದನ್ನು ತಲೆಕೆಳಗಾಗಿ ಮಾಡುತ್ತಾರೆ.

ಪ್ರಶ್ನೆ: ಮಗನಿಗೆ ಎಂಟು ವರ್ಷ. ಈ ವರ್ಷ ಹಾಕಿಗೆ ಸೇರಿಸಿದ್ದೇವೆ. ಬೆಳೆಯುವ ಕಾಲು, ಸ್ಕೇಟ್ ಬೇರೆ ದುಬಾರಿ. ಒಂದು ಸೈಜ್ ದೊಡ್ಡದು ಕೊಂಡು ದಪ್ಪ ಕಾಲುಚೀಲ ಹಾಕಿಸಿದರೆ ಎರಡು ವರ್ಷ ಬಾರದೇ? (ಮಿಸಿಸಾಗಾದ ಓದುಗರು)

ಉತ್ತರ: ದಯವಿಟ್ಟು ಬೇಡ. ಶಾಲೆಯ ಶೂ ಕೊಳ್ಳುವಾಗ ‘ಬರೋ ವರ್ಷಕ್ಕೂ ಆಗಲಿ’ ಎಂದು ಲೆಕ್ಕ ಹಾಕುವುದು ನಮ್ಮೆಲ್ಲರ ಮನೆಯ ರೂಢಿ. ಸ್ಕೇಟಿನಲ್ಲಿ ಆ ಲೆಕ್ಕ ಮಗುವಿನ ಕಲಿಕೆಯನ್ನೇ ಕೆಡಿಸುತ್ತದೆ. ಮೂರು ಮಿಲಿಮೀಟರ್ ದಪ್ಪದ ಉಕ್ಕಿನ ಪಟ್ಟಿಯ ಮೇಲೆ ಇಡೀ ದೇಹ ನಿಂತಿರುತ್ತದೆ. ಬೂಟಿನೊಳಗೆ ಹಿಮ್ಮಡಿ ಅಲುಗಾಡಿದರೆ ಕಾಲು ಹೇಳಿದ್ದು ಅಲಗಿಗೆ ಮುಟ್ಟುವುದೇ ಇಲ್ಲ. ಹರಡು ಒಳಕ್ಕೆ ವಾಲುತ್ತದೆ, ಮಗು ಬೂಟಿನ ಪಕ್ಕದ ಮೇಲೆ ನಡೆಯಲು ಶುರುಮಾಡುತ್ತದೆ. ‘ಇವನ ಕಾಲಿಗೆ ಬಲವಿಲ್ಲ’ ಎಂದು ನಾವು ತಿಳಿಯುತ್ತೇವೆ. ಎಷ್ಟೋ ಸಲ ತಪ್ಪು ಕಾಲಿನದಲ್ಲ, ಬೂಟಿನದು.

ಹಾಕಿ ಸ್ಕೇಟಿನ ಸೈಜ್ ಸಾಮಾನ್ಯವಾಗಿ ಉತ್ತರ ಅಮೆರಿಕದ ಶೂ ಸೈಜಿಗಿಂತ ಒಂದರಿಂದ ಒಂದೂವರೆ ಕಡಿಮೆ. ಇದು ಹುಡುಕಾಟ ಶುರುಮಾಡಲು ಮಾತ್ರ. ನಂಬಬೇಕಾದದ್ದು ಅಂಗಡಿಯಲ್ಲಿ ಪಾದ ಅಳೆದು ಬಂದ ಸಂಖ್ಯೆಯನ್ನು. ತೆಳುವಾದ ಒಂದೇ ಕಾಲುಚೀಲ ಹಾಕಿಸಿ, ಬೂಟಿಗೆ ಕಾಲು ತೂರಿಸಿ, ಹಿಮ್ಮಡಿಯನ್ನು ನೆಲಕ್ಕೆ ಎರಡು ಸಲ ಕುಟ್ಟಿ ಹಿಂದಕ್ಕೆ ಕೂರಿಸಿ, ಆಮೇಲೆ ಲೇಸ್ ಕಟ್ಟಿ. ನೆಟ್ಟಗೆ ನಿಂತಾಗ ಬೆರಳ ತುದಿ ಮುಂದಿನ ಗಟ್ಟಿ ಟೋಪಿಯನ್ನು ಸವರಬೇಕು. ಮೊಣಕಾಲು ಬಗ್ಗಿಸಿದಾಗ ಹಿಮ್ಮಡಿ ಹಿಂದೆ ಸರಿದು ಬೆರಳು ಕೂದಲೆಳೆಯಷ್ಟು ಬಿಡಬೇಕು. ಬಗ್ಗಿದಾಗಲೂ ಬೆರಳು ಮಡಚಿಕೊಂಡೇ ಇದ್ದರೆ ಚಿಕ್ಕದಾಯಿತು. ಹಿಮ್ಮಡಿಯ ಹಿಂದೆ ನಿಮ್ಮ ಬೆರಳು ಸರಾಗವಾಗಿ ಇಳಿದರೆ ದೊಡ್ಡದಾಯಿತು.

ಇನ್ನೊಂದು ಪರೀಕ್ಷೆಯನ್ನು ಬಹಳ ಜನ ಮಾಡುವುದಿಲ್ಲ. ಲೇಸ್ ಬಿಚ್ಚಿ, ನಾಲಗೆಯನ್ನು ಮುಂದಕ್ಕೆಳೆದು, ಮೇಲಿನಿಂದ ಮೂರನೇ ತೂತಿನ ನೇರಕ್ಕೆ ಬೂಟಿನ ಎರಡು ಅಂಚುಗಳ ಮೇಲೆ ಪೆನ್ಸಿಲ್ ಅಡ್ಡಲಾಗಿ ಇಡಿ. ಪೆನ್ಸಿಲ್ ಪಾದಕ್ಕೆ ತಗುಲಿ ಅಂಚಿನಿಂದ ಮೇಲೆದ್ದರೆ ಬೂಟಿಗೆ ಆಳ ಸಾಲದು ಎಂದರ್ಥ. ಉದ್ದ ಎಷ್ಟೇ ಸರಿಯಿರಲಿ, ಲೇಸ್ ಕಟ್ಟಿದ ಹತ್ತು ನಿಮಿಷಕ್ಕೆ ಪಾದದ ಮೇಲ್ಭಾಗ ನೋಯುತ್ತದೆ.

ಬೆಳೆಯುವ ಮಗುವಿಗೆ ಅರ್ಧ ಸೈಜ್ ಹೆಚ್ಚಿದ್ದರೆ ನಡೆದೀತು, ಅದಕ್ಕಿಂತ ಬೇಡ. ಖರ್ಚಿನ ಚಿಂತೆಯಿದ್ದರೆ ದೊಡ್ಡ ಹೊಸ ಸ್ಕೇಟಿಗಿಂತ ಅಳತೆಗೆ ಸರಿಯಾದ ಸೆಕೆಂಡ್‌ಹ್ಯಾಂಡ್ ಸ್ಕೇಟ್ ಎಷ್ಟೋ ಮೇಲು. ಕೊಳ್ಳುವಾಗ ಹರಡಿನ ಭಾಗವನ್ನು ಎರಡು ಕಡೆಯಿಂದ ಒತ್ತಿ ನೋಡಿ. ಬಟ್ಟೆಯಂತೆ ಮಡಚಿದರೆ ಬಿಟ್ಟುಬಿಡಿ. ಅಡಿಯ ರಿವೆಟ್‌ಗಳು ಸಡಿಲವಿಲ್ಲವೇ, ಬ್ಲೇಡ್ ಹಿಡಿದಿರುವ ಪ್ಲಾಸ್ಟಿಕ್ ಸೀಳಿಲ್ಲವೇ, ಸಾಣೆ ಹಿಡಿದು ಹಿಡಿದು ಉಕ್ಕು ಸವೆದುಹೋಗಿಲ್ಲವೇ ನೋಡಿ. ಅದೇ ಮಾದರಿಯ ಹೊಸ ಜೋಡಿಯ ಪಕ್ಕದಲ್ಲಿಟ್ಟರೆ ಸವೆತ ಕಣ್ಣಿಗೇ ಕಾಣುತ್ತದೆ.

ಪ್ರಶ್ನೆ: ಆನ್‌ಲೈನಿನಲ್ಲಿ ಹೊಸ ಸ್ಕೇಟ್ ತರಿಸಿದೆ. ಐಸ್ ಮೇಲೆ ನಿಂತರೆ ಸೋಪಿನ ಮೇಲೆ ನಿಂತ ಹಾಗೆ ಜಾರುತ್ತದೆ. ಕಳಪೆ ಮಾಲೇ? (ಕ್ಯಾಲ್ಗರಿಯ ಓದುಗರು)

ಉತ್ತರ: ಮಾಲು ಸರಿಯಾಗಿದೆ, ಸಾಣೆ ಆಗಿಲ್ಲ, ಅಷ್ಟೇ. ಹೊಸ ಬ್ಲೇಡ್ ಸಾಮಾನ್ಯವಾಗಿ ಆಡುವ ಹದಕ್ಕೆ ಹರಿತವಾಗಿ ಬರುವುದಿಲ್ಲ. ಅಂಗಡಿಗೆ ಒಯ್ದು ಮೊದಲ ಸಾಣೆ ಹಿಡಿಸಿ.

ಪ್ರಶ್ನೆ: ಸಾಣೆಗೆ ಕೊಟ್ಟಾಗ ‘ಯಾವ ಹಾಲೋ ಬೇಕು?’ ಎಂದು ಕೇಳಿದರು. ‘ಎಲ್ಲರಿಗೂ ಹಾಕುವುದನ್ನೇ ಹಾಕಿ’ ಎಂದೆ. ಈಗ ಬಲಕ್ಕೆ ತಿರುಗಿದರೆ ಹಿಡಿಯುತ್ತದೆ, ಎಡಕ್ಕೆ ತಿರುಗಿದರೆ ಕಾಲು ತಪ್ಪುತ್ತದೆ. ಈ ಹಾಲೋ ಎಂದರೇನು? ನನ್ನ ತೂಕ 82 ಕಿಲೋ. (ಎಡ್ಮಂಟನ್‌ನ ಓದುಗರು)

ಉತ್ತರ: ನಿಮ್ಮದು ಎರಡು ಬೇರೆ ಬೇರೆ ವಿಷಯ. ಮೊದಲು ಹಾಲೋ.

ನಮ್ಮ ಬೀದಿಗೆ ಬರುತ್ತಿದ್ದ ಸಾಣೆಯವನು ಕತ್ತಿಯ ಎರಡು ಪಕ್ಕಗಳನ್ನು ಉಜ್ಜಿ ನಡುವೆ ಒಂದೇ ಬಾಯಿ ತರುತ್ತಿದ್ದ. ಸ್ಕೇಟಿನ ಬ್ಲೇಡಿಗೆ ಬೇಕಾದದ್ದು ಅದರ ಉಲ್ಟಾ. ಅಡಿಭಾಗದ ಉದ್ದಕ್ಕೂ ನಡುವೆ ಒಂದು ಗುಳಿ ತೋಡುತ್ತಾರೆ, ಆಗ ಎರಡು ಅಂಚೂ ಬಾಯಾಗಿ ಏಳುತ್ತವೆ. ಒಳ ಅಂಚು ಒಂದು, ಹೊರ ಅಂಚು ಒಂದು. ಸಾಣೆಚಕ್ರದ ಬಾಯಿಯನ್ನು ವಜ್ರದ ಮೊನೆಯಿಂದ ಕಮಾನಿನ ಆಕಾರಕ್ಕೆ ತಂದು, ಅದರ ಮೇಲೆ ಬ್ಲೇಡನ್ನು ಉದ್ದಕ್ಕೆ ಎಳೆಯುತ್ತಾರೆ. ಆ ಕಮಾನು ಯಾವ ವೃತ್ತದ ತುಂಡೋ ಅದರ ತ್ರಿಜ್ಯವೇ ಹಾಲೋ ಸಂಖ್ಯೆ. ಆದ್ದರಿಂದ ಸಂಖ್ಯೆ ಚಿಕ್ಕದಾದಷ್ಟೂ ಗುಳಿ ಆಳ, ಅಂಚು ಚೂಪು, ಹಿಡಿತ ಹೆಚ್ಚು. ಆದರೆ ಐಸಿನೊಳಗೆ ಹೆಚ್ಚು ಇಳಿಯುವುದರಿಂದ ಓಟ ಭಾರ, ನಿಲ್ಲಿಸುವಾಗ ಕಾಲು ಸಿಕ್ಕಿಕೊಂಡ ಹಾಗೆ. ಸಂಖ್ಯೆ ದೊಡ್ಡದಾದಷ್ಟೂ ಜಾರು ಸಲೀಸು, ತಿರುವಿನಲ್ಲಿ ಹಿಡಿತ ಕಡಿಮೆ.

ಈ ವ್ಯತ್ಯಾಸವೆಲ್ಲ ಎಷ್ಟರಲ್ಲಿ ನಡೆಯುತ್ತದೆ ನೋಡಿ. ಮೂರು ಮಿಲಿಮೀಟರ್ ದಪ್ಪದ ಬ್ಲೇಡಿಗೆ 1/2 ಇಂಚಿನ ಹಾಲೋ ಹಾಕಿದರೆ ಗುಳಿಯ ಆಳ ಸುಮಾರು 0.09 ಮಿಲಿಮೀಟರ್. 5/8 ಹಾಕಿದರೆ 0.07. ಕೂದಲೆಳೆಯ ದಪ್ಪದೊಳಗಿನ ಲೆಕ್ಕಾಚಾರವಿದು, ಆದರೂ ಕಾಲಿಗೆ ಗೊತ್ತಾಗುತ್ತದೆ.

‘ಎಲ್ಲರಿಗೂ ಹಾಕುವುದು’ ಎಂದರೆ ಬಹುಪಾಲು ಅಂಗಡಿಗಳಲ್ಲಿ 1/2 ಇಂಚು. ತೂಕ ಹೆಚ್ಚಿದ್ದವರು ತಾವಾಗಿಯೇ ಐಸಿಗೆ ಆಳವಾಗಿ ಇಳಿಯುತ್ತಾರೆ, ಅವರಿಗೆ ಗುಳಿ ಅಷ್ಟು ಬೇಕಿಲ್ಲ. 82 ಕಿಲೋಗೆ 5/8 ಹಾಕಿಸಿ ಎರಡು ವಾರ ಆಡಿ ನೋಡಿ. ಹಗುರ ಮಕ್ಕಳಿಗೆ 1/2 ಅಥವಾ 3/8. ಒಂದೇ ಸಲಕ್ಕೆ ದೊಡ್ಡ ಹಾರಿಕೆ ಬೇಡ. ಒಂದು ಹೆಜ್ಜೆ ಬದಲಿಸಿ ನಾಲ್ಕಾರು ಸಲ ಆಡಿ ತೀರ್ಮಾನಿಸಿ. ಗೋಲಿಯ (ಗೋಲ್‌ಕೀಪರ್‌ನ) ಬ್ಲೇಡ್ ನಾಲ್ಕು ಮಿಲಿಮೀಟರ್ ದಪ್ಪ ಇರುವುದರಿಂದ ಅದೇ ಸಂಖ್ಯೆ ಹಾಕಿದರೂ ಗುಳಿ ಬಹಳ ಆಳವಾಗುತ್ತದೆ. ಮನೆಯಲ್ಲಿ ಗೋಲಿಯೊಬ್ಬರಿದ್ದರೆ ನಿಮ್ಮ ಸಂಖ್ಯೆಯನ್ನು ಅವರಿಗೆ ಹೇಳಬೇಡಿ.

ಇನ್ನು ಎಡಕ್ಕೆ ಕಾಲು ತಪ್ಪುವ ವಿಚಾರ. ಇದು ಹಾಲೋ ದೋಷವಲ್ಲ. ಸಾಣೆ ಹಿಡಿಯುವಾಗ ಬ್ಲೇಡಿನ ನಡುಗೆರೆಯೂ ಚಕ್ರದ ನಡುಗೆರೆಯೂ ಕೂಡದೆ, ಒಂದು ಅಂಚು ಎತ್ತರ, ಒಂದು ತಗ್ಗು ಆಗಿದೆ. ಸ್ಕೇಟನ್ನು ತಲೆಕೆಳಗಾಗಿ ಹಿಡಿದು, ಅಲಗಿನ ಮೇಲೆ ಒಂದು ನೇರ ಕಡ್ಡಿಯನ್ನೋ ನಾಣ್ಯವನ್ನೋ ಅಡ್ಡಲಾಗಿ ಕೂರಿಸಿ, ಹಿಂದಿನಿಂದ ಕಣ್ಣಿಟ್ಟು ನೋಡಿ. ಅದು ಬ್ಲೇಡಿಗೆ ಲಂಬವಾಗಿ ನಿಲ್ಲಬೇಕು; ಒಂದು ಕಡೆಗೆ ವಾಲಿದ್ದರೆ ಮತ್ತೆ ಸಾಣೆ ಹಿಡಿದುಕೊಡಿ ಎಂದು ಕೇಳಲು ಸಂಕೋಚ ಬೇಡ. ಹರಿತ ನೋಡಲು ಹೆಬ್ಬೆರಳ ಉಗುರನ್ನು ಅಂಚಿನ ಮೇಲೆ ಅಡ್ಡಲಾಗಿ ಮೆಲ್ಲಗೆ ಎಳೆಯಿರಿ, ಉಗುರಿನಿಂದ ಬಿಳಿ ಪುಡಿ ಏಳಬೇಕು. ಹೀಗೆ ಮುಂದಿನಿಂದ ಹಿಂದಿನವರೆಗೆ ಎರಡೂ ಅಂಚುಗಳಲ್ಲಿ ಮಾಡಿ. ಬೆರಳನ್ನು ಮಾತ್ರ ಉದ್ದಕ್ಕೆ ಸವರಬೇಡಿ, ಕುಯ್ಯುತ್ತದೆ.

ಪ್ರಶ್ನೆ: ಮಡಿಕೇರಿಯವನು, ಈಗ ಲೇಹ್‌ನಲ್ಲಿ ಡ್ಯೂಟಿ. ಊರಲ್ಲಿ ಹಾಕಿ ಆಡಿದ ಕೈ, ಇಲ್ಲಿ ಐಸ್ ಹಾಕಿ ಕಲಿಯುತ್ತಿದ್ದೇನೆ. ಅಲಗು ಎರಡು ಮೂರು ದಿನಕ್ಕೇ ಮೊಂಡಾಗುತ್ತದೆ. ಗಾಳಿ ಇಷ್ಟು ಒಣಗಿದ್ದರೂ ತುಕ್ಕು ಹಿಡಿಯುತ್ತದೆ. ಯಾಕೆ? ಮತ್ತೆ, ನಾನು ಎಡಗೈ ಸ್ಟಿಕ್ ಕೊಳ್ಳಬೇಕೋ, ಬಲಗೈ ಸ್ಟಿಕ್ಕೋ?

ಉತ್ತರ: ಒಳಾಂಗಣ ರಿಂಕಿನಲ್ಲಿ ಹಾಕಿ ಐಸನ್ನು ಸೊನ್ನೆಗಿಂತ ಐದಾರು ಡಿಗ್ರಿ ಕೆಳಗೆ ಇಟ್ಟಿರುತ್ತಾರೆ. ಲೇಹ್‌ನಲ್ಲಿ ಜನವರಿಯ ಬೆಳಗಿನ ಐಸ್ ಅದಕ್ಕಿಂತ ಬಹಳ ತಣ್ಣಗೆ, ಕಲ್ಲಿನಂತೆ ಗಟ್ಟಿ. ಅದರ ಮೇಲೆ ಗಾಳಿ ತಂದು ಹಾಕುವ ಮರಳು, ದೂಳು. ಅಲಗಿನ ಶತ್ರು ಐಸಿಗಿಂತ ಈ ಮರಳೇ. ಬೂಟು ಕಟ್ಟಿಕೊಂಡು ಕೆರೆಯ ದಂಡೆಯ ಜಲ್ಲಿಯ ಮೇಲೆ ನಾಲ್ಕು ಹೆಜ್ಜೆ ನಡೆದರೂ ಸಾಣೆ ಹೋಯಿತು. ಐಸಿನ ಅಂಚಿನವರೆಗೂ ಪ್ಲಾಸ್ಟಿಕ್ ಗಾರ್ಡ್ ಕಡ್ಡಾಯ, ಇಲ್ಲವೇ ದಂಡೆಗೆ ಒಂದು ರಬ್ಬರ್ ಚಾಪೆ ಹಾಸಿ. ಇಷ್ಟು ಗಟ್ಟಿ ಐಸಿಗೆ ನಿಮ್ಮ ಹಾಲೋ ಒಂದು ಹೆಜ್ಜೆ ಆಳವಿರಲಿ: ಒಳಾಂಗಣದಲ್ಲಿ 5/8 ಸರಿಹೋಗುವವರು 1/2 ಹಾಕಿಸಬಹುದು. ಜೇಬಿನಲ್ಲಿ ಚಿಕ್ಕ ಚಪ್ಪಟೆ ಸಾಣೆಕಲ್ಲು ಇಟ್ಟುಕೊಳ್ಳಿ. ಅಂಚು ಪಕ್ಕಕ್ಕೆ ಮಡಚಿ ಮುಳ್ಳಿನಂತೆ ಎದ್ದಿದ್ದರೆ, ಕಲ್ಲನ್ನು ಬ್ಲೇಡಿನ ಪಕ್ಕಕ್ಕೆ ಪೂರ್ತಿ ಒರಗಿಸಿ ಉದ್ದಕ್ಕೆ ಎರಡು ಮೂರು ಸಲ ಹಗುರಾಗಿ ಎಳೆಯಿರಿ. ಕಲ್ಲನ್ನು ಓರೆ ಮಾಡಿದರೆ ಅಂಚೇ ದುಂಡಾಗುತ್ತದೆ.

ತುಕ್ಕಿಗೆ ಕಾರಣ ಹೊರಗಿನ ಗಾಳಿಯಲ್ಲ, ಒಳಗಿನ ಕೋಣೆ. ಚಳಿಯಲ್ಲಿ ಕೊರೆದ ಉಕ್ಕನ್ನು ಬೆಚ್ಚಗಿನ ಬ್ಯಾರಕ್ಕಿಗೆ ತಂದ ಕೂಡಲೇ, ಕನ್ನಡಕಕ್ಕೆ ಮಂಜು ಕವಿಯುವಂತೆ ಅದರ ಮೇಲೆ ನೀರು ಕೂರುತ್ತದೆ. ಕೆರೆಯ ಬಳಿ ಒರೆಸಿದ್ದು ಸಾಲದು. ಒಳಗೆ ಬಂದು ಇಪ್ಪತ್ತು ನಿಮಿಷ ಬಿಟ್ಟು ಮತ್ತೊಮ್ಮೆ ಒರೆಸಿ, ಬ್ಲೇಡ್ ಪ್ಲಾಸ್ಟಿಕ್ಕಿಗೆ ಸೇರುವ ಸಂದಿಯನ್ನೂ ಬಿಡಬೇಡಿ. ಸ್ಟೇನ್‌ಲೆಸ್ ಸ್ಟೀಲ್ ತುಕ್ಕನ್ನು ತಡೆದುಕೊಳ್ಳುತ್ತದೆ ನಿಜ, ಆದರೆ ಹರಿತ ಉಳಿಯಲೆಂದು ಗಟ್ಟಿಗೊಳಿಸಿದ ಈ ಉಕ್ಕು ಅಡುಗೆಮನೆಯ ಪಾತ್ರೆಯಷ್ಟು ತಡೆಯದು. ಎತ್ತಿಡುವಾಗ ಬಟ್ಟೆಯ ಹೊದಿಕೆ ಹಾಕಿ. ನಡೆಯಲು ಬಳಸಿದ ಪ್ಲಾಸ್ಟಿಕ್ ಗಾರ್ಡಿನಲ್ಲೇ ಬಿಟ್ಟರೆ ಅದರೊಳಗಿನ ನೀರು ರಾತ್ರಿಯಿಡೀ ಉಕ್ಕಿಗೆ ಅಂಟಿಕೊಂಡಿರುತ್ತದೆ. ಒಳಗಿನ ಮೆತ್ತೆ ತೆಗೆದು, ನಾಲಗೆ ಅಗಲಿಸಿ, ನೆರಳಲ್ಲಿ ಒಣಗಿಸಿ. ಬುಖಾರಿಯ (ಕೋಣೆ ಬಿಸಿ ಮಾಡುವ ಒಲೆಯ) ಪಕ್ಕ ಮಾತ್ರ ಬೇಡ. ಬೂಟಿನ ಅಂಟು ಬಿಡುತ್ತದೆ.

ಕೈಯ ವಿಷಯ: ನೀವು ಊರಲ್ಲಿ ಆಡಿದ ಹಾಕಿಯಲ್ಲಿ ಎಡಗೈ ಮೇಲೆ, ಬಲಗೈ ಕೆಳಗೆ, ಅಲ್ಲಿ ಬೇರೆ ದಾರಿಯೇ ಇಲ್ಲ. ಐಸ್ ಹಾಕಿಯಲ್ಲಿ ಕೆಳಗಿನ ಕೈಯ ಹೆಸರಿನಿಂದ ಸ್ಟಿಕ್ಕನ್ನು ಕರೆಯುತ್ತಾರೆ. ಹಾಗಾಗಿ ನಿಮ್ಮದು ಬಲಗೈ ಸ್ಟಿಕ್. ಇಲ್ಲಿ ಸ್ಟಿಕ್ಕಿನ ಬ್ಲೇಡಿನ, ಅಂದರೆ ತುದಿಯ ಚಪ್ಪಟೆ ಭಾಗದ, ಎರಡೂ ಮುಖದಿಂದ ಪಕ್ (ಚೆಂಡಿನ ಬದಲಿನ ರಬ್ಬರ್ ಬಿಲ್ಲೆ) ಆಡಬಹುದು, ಹಿಂಗೈ ಹೊಡೆತಕ್ಕೆ ಸ್ಟಿಕ್ ತಿರುಗಿಸುವ ಅಭ್ಯಾಸವನ್ನು ಬಿಟ್ಟರೆ ಸಾಕು.

ಪ್ರಶ್ನೆ: ಸ್ಟಿಕ್ಕಿನ ಮೇಲೆ 85, 75 ಎಂದು ಬರೆದಿರುತ್ತದೆ. ಅದು ಏನು? ಉದ್ದ ಜಾಸ್ತಿಯಾದರೆ ಕತ್ತರಿಸಬಹುದೇ? (ಮಿನಿಯಾಪೊಲಿಸ್‌ನ ಓದುಗರು)

ಉತ್ತರ: ಅದು ಫ್ಲೆಕ್ಸ್. ಕೋಲನ್ನು ಒಂದು ಇಂಚು ಬಗ್ಗಿಸಲು ಎಷ್ಟು ಪೌಂಡ್ ಬಲ ಬೇಕು ಎಂಬ ಸಂಖ್ಯೆ. ಪೌಂಡ್‌ನಲ್ಲಿ ನಿಮ್ಮ ತೂಕದ ಅರ್ಧದಿಂದ ಶುರುಮಾಡಿ: 68 ಕಿಲೋ ಎಂದರೆ 150 ಪೌಂಡ್, ಆದ್ದರಿಂದ 75. ಹೊಸಬರು ಇನ್ನೂ ಸ್ವಲ್ಪ ಮೆತ್ತಗಿನದನ್ನು ಕೊಳ್ಳುವುದೇ ಒಳ್ಳೆಯದು. ಬಗ್ಗದ ಸ್ಟಿಕ್ಕಿನಲ್ಲಿ ಹೊಡೆದರೆ ಕೋಲು ಚಿಮ್ಮುವುದಿಲ್ಲ, ಬರೀ ತೋಳಿನ ಬಲ ಖರ್ಚಾಗುತ್ತದೆ.

ಉದ್ದಕ್ಕೆ, ಬರಿಗಾಲಲ್ಲಿ ನಿಂತು ಸ್ಟಿಕ್ಕಿನ ಮೊನೆ ನೆಲಕ್ಕೆ ಊರಿದಾಗ ಬುಡ ಗಲ್ಲಕ್ಕೂ ಮೂಗಿಗೂ ನಡುವೆ ಬರಲಿ. ಸ್ಕೇಟ್ ಹಾಕಿದ ಮೇಲೆ ಅದು ಗಲ್ಲದ ಆಸುಪಾಸಿಗೆ ಇಳಿಯುತ್ತದೆ. ಕತ್ತರಿಸಬಹುದು, ಆದರೆ ಕೋಲು ಗಿಡ್ಡವಾದಷ್ಟೂ ಬಿರುಸಾಗುತ್ತದೆ. ಮಕ್ಕಳಿಗೆ ದೊಡ್ಡವರ ಸ್ಟಿಕ್ ಕತ್ತರಿಸಿ ಕೊಡುವ ಉಳಿತಾಯ ಇಲ್ಲೇ ಕೈಕೊಡುವುದು: ಉದ್ದ ಸರಿಯಾಗುತ್ತದೆ, ಬಾಗು ಪೂರ್ತಿ ಹೋಗಿರುತ್ತದೆ. ಕತ್ತರಿಸುವ ಜಾಗಕ್ಕೆ ಟೇಪ್ ಸುತ್ತಿ, ಸಣ್ಣ ಹಲ್ಲಿನ ಹ್ಯಾಕ್ಸಾ ಬಳಸಿ, ಟೇಪಿನ ಮೇಲೆಯೇ ಕೊಯ್ಯಿರಿ. ಇಲ್ಲದಿದ್ದರೆ ಕಾರ್ಬನ್ ನಾರು ಬಿಚ್ಚಿಕೊಳ್ಳುತ್ತದೆ. ಆ ಪುಡಿ ಉಸಿರಿಗೆ ಕೆಟ್ಟದ್ದು, ಮಾಸ್ಕ್ ಹಾಕಿಕೊಳ್ಳಿ.

ಸ್ಟಿಕ್ಕಿನ ಬ್ಲೇಡಿಗೆ ಬಟ್ಟೆಯ ಟೇಪನ್ನು ಹಿಮ್ಮಡಿಯಿಂದ (ಕೋಲಿಗೆ ಸೇರುವ ಕಡೆಯಿಂದ) ಮೊನೆಯ ಕಡೆಗೆ, ಪ್ರತಿ ಸುತ್ತು ಹಿಂದಿನದರ ಮೇಲೆ ಸ್ವಲ್ಪ ಏರುವಂತೆ, ಸುಕ್ಕಿಲ್ಲದೆ ಸುತ್ತಿ. ಮೇಲೆ ಮೇಣ ಉಜ್ಜಿದರೆ ಹಿಮ ಅಂಟುವುದಿಲ್ಲ. ಕೆಲವು ಆಟದ ನಂತರ ಆ ಟೇಪ್ ಎಲ್ಲಿ ಸವೆದಿದೆ ನೋಡಿ. ಹಿಮ್ಮಡಿಯಲ್ಲಿ ಮಾತ್ರ ಸವೆದಿದ್ದರೆ ಮೊನೆ ಗಾಳಿಯಲ್ಲಿದೆ: ಕೋಲು ಉದ್ದವಾಯಿತು, ಇಲ್ಲವೇ ಲೈ ಸಂಖ್ಯೆ ನಿಮಗೆ ಹೆಚ್ಚಾಯಿತು. ಕೋಲಿಗೂ ಬ್ಲೇಡಿಗೂ ನಡುವಿನ ಕೋನ ಹೇಳುವ ಸಂಖ್ಯೆಯೇ ಲೈ. ಮೊನೆಯಲ್ಲಿ ಮಾತ್ರ ಸವೆದಿದ್ದರೆ ಲೈ ಹೆಚ್ಚಿರುವ ಸ್ಟಿಕ್ ಹುಡುಕಿ. ಹಿಡಿಯ ತುದಿಗೆ ಬಿಳಿ ಟೇಪ್ ಸಾಕು, ಕಪ್ಪು ಟೇಪ್ ಗ್ಲೌಸಿನ ಅಂಗೈಯನ್ನು ತಿಂದುಹಾಕುತ್ತದೆ.

ಪ್ರಶ್ನೆ: ಹೊಸ ಸ್ಕೇಟ್ ಕಟ್ಟಿದ ಕಾಲು ಗಂಟೆಗೆ ಪಾದ ಜೋಮು ಹಿಡಿಯುತ್ತದೆ. ಅಂಗಡಿಯವರು ‘ಬೇಕ್ ಮಾಡಿಕೊಡುತ್ತೇವೆ’ ಎನ್ನುತ್ತಾರೆ. ಮನೆಯ ಅವನ್‌ನಲ್ಲಿ ಮಾಡಬಹುದೇ? (ಟೊರಾಂಟೊದ ಓದುಗರು)

ಉತ್ತರ: ಮನೆಯಲ್ಲಿ ಬೇಡ. ಅಂಗಡಿಯ ಅವನ್‌ನಲ್ಲಿ ಸುಮಾರು 80 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಲವೇ ನಿಮಿಷ, ತಯಾರಕರು ಹೇಳಿದಷ್ಟೇ ಹೊತ್ತು ಬೂಟು ಬಿಸಿ ಮಾಡಿ, ಅದು ಪಾದದ ಆಕಾರಕ್ಕೆ ಹೊಂದಲೆಂದು ಕಾಲಿಗೆ ಹಾಕಿಸುತ್ತಾರೆ. ಅಡುಗೆಯ ಅವನ್‌ನ ಶಾಖ ಏರಿಳಿಯುತ್ತದೆ, ಕಂಬಿ ಕೆಂಪಗಾದಾಗ ಹತ್ತಿರವಿದ್ದ ಭಾಗ ಕರಗುತ್ತದೆ. ಕಡಿಮೆ ಬೆಲೆಯ ಕೆಲವು ಮಾದರಿಗಳು ಶಾಖಕ್ಕೆ ಹೊಂದುವಂಥವೇ ಅಲ್ಲ, ಮೊದಲು ಕೇಳಿಕೊಳ್ಳಿ. ಬಿಸಿ ಬೂಟಿನ ಲೇಸನ್ನು ಮೇಲಕ್ಕಲ್ಲ, ಪಕ್ಕಕ್ಕೆ ಎಳೆದು ಬಿಗಿಯಿರಿ. ಮೇಲಕ್ಕೆ ಎಳೆದರೆ ಮೆತ್ತಗಾದ ತೂತುಗಳು ಕಿತ್ತುಬರುತ್ತವೆ. ಹತ್ತು ಹದಿನೈದು ನಿಮಿಷ ಕುಳಿತೇ ಇರಿ, ನಡೆಯಬೇಡಿ. ಆಮೇಲೆ ಒಂದು ದಿನ ಐಸಿಗೆ ಇಳಿಯಬೇಡಿ.

ಅದಕ್ಕೂ ಮೊದಲು ಲೇಸ್ ಕಟ್ಟುವ ರೀತಿ ಬದಲಿಸಿ ನೋಡಿ. ಬೆರಳ ಕಡೆ ಹಗುರ, ಪಾದದ ನಡುವೆ ಸಾಧಾರಣ, ಹರಡು ಮಡಚುವಲ್ಲಿ ಬಿಗಿ. ಇಷ್ಟಾದರೂ ಜೋಮು ಬಿಡದಿದ್ದರೆ ಬೂಟಿನ ಅಗಲ ಸಾಲದು. ಡಿ ಅಗಲದ ಬದಲು ಇಇ ಅಗಲದ್ದನ್ನು ಹಾಕಿ ನೋಡಿ, ಉದ್ದ ಅದೇ ಇರಲಿ.