ಸಂಪ್ ಕಟ್ಟುವ ಮೊದಲು ಕರೆಂಟ್ ಹೋದಾಗಿನ ಲೆಕ್ಕ ಹಾಕಿ

ಪ್ರಶ್ನೆ: ನನ್ನ ಕಡಲ ನೀರಿನ ಅಕ್ವೇರಿಯಂ ಟ್ಯಾಂಕ್ 120 ಸೆಂ.ಮೀ. ಉದ್ದ, 45 ಅಗಲ, 45 ಎತ್ತರ ಇದೆ. ಮೂಲೆಯಲ್ಲಿ ಓವರ್‌ಫ್ಲೋ ಬಾಕ್ಸ್ (ಮೇಲ್ಮೈ ನೀರು ತುಂಬಿ ಕೆಳಗಿಳಿಯುವ ಪೆಟ್ಟಿಗೆ) ಇದೆ. 75 ಸೆಂ.ಮೀ. ಉದ್ದ, 35 ಅಗಲ, 40 ಎತ್ತರದ ಹಳೆಯ ಗಾಜಿನ ಟ್ಯಾಂಕೊಂದನ್ನು ಸ್ಟ್ಯಾಂಡಿನ ಕೆಳಗಿಟ್ಟು ಸಂಪ್ (ಮೇಲಿನ ನೀರು ಇಳಿದು, ಶುದ್ಧವಾಗಿ, ಪಂಪಿನಿಂದ ಮತ್ತೆ ಮೇಲೇರುವ ಟ್ಯಾಂಕ್) ಮಾಡಿ, ಅದರಲ್ಲೇ ರೆಫ್ಯೂಜಿಯಂ (ಪಾಚಿ ಬೆಳೆಸುವ ಕೋಣೆ) ಕಟ್ಟಬೇಕೆಂದಿದ್ದೇನೆ. ಪ್ರೋಟೀನ್ ಸ್ಕಿಮ್ಮರ್ (ಗುಳ್ಳೆ ನೊರೆಯಿಂದ ಕೊಳೆ ತೆಗೆಯುವ ಸಾಧನ) ಇದೆ. ಅಡ್ಡ ಗಾಜುಗಳನ್ನು ಎಲ್ಲಿ, ಎಷ್ಟು ಎತ್ತರಕ್ಕೆ ನಿಲ್ಲಿಸಲಿ? ರೆಫ್ಯೂಜಿಯಂನಲ್ಲಿ ನೀರು ನಿಧಾನವಾಗಿ ಹರಿಯಬೇಕಂತೆ. ಅದಕ್ಕೆ ಬೇರೆ ಪೈಪ್ ಎಳೆಯಬೇಕಾ?

ಉತ್ತರ: ಗಾಜು ಕತ್ತರಿಸುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ. ಕರೆಂಟ್ ಹೋದರೆ ಮೇಲಿನಿಂದ ಎಷ್ಟು ನೀರು ಕೆಳಗಿಳಿಯುತ್ತದೆ? ಸಂಪಿನ ಉಳಿದ ಅಳತೆಗಳೆಲ್ಲ ಈ ಉತ್ತರದ ಮೇಲೆ ನಿಂತಿವೆ.

ನಿಮ್ಮ ಟ್ಯಾಂಕಿನ ಮೇಲ್ಮೈ 120 × 45, ಅಂದರೆ 5,400 ಚದರ ಸೆಂ.ಮೀ. ಹಾಗಾಗಿ ಪ್ರತಿ 1 ಸೆಂ.ಮೀ. ನೀರು ಅಂದರೆ 5.4 ಲೀಟರ್. ಪಂಪ್ ನಿಂತ ತಕ್ಷಣ ರಿಟರ್ನ್ ಪೈಪ್, ಅಂದರೆ ಸಂಪಿನಿಂದ ನೀರನ್ನು ಮೇಲಕ್ಕೆ ಒಯ್ಯುವ ಪೈಪ್, ತಿರುಗಿ ಸೈಫನ್ ಆಗುತ್ತದೆ. ಅದರ ಬಾಯಿ ಗಾಳಿಗೆ ತೆರೆದುಕೊಳ್ಳುವವರೆಗೂ ನೀರು ಹಿಂದಕ್ಕೆ ಹರಿಯುತ್ತಲೇ ಇರುತ್ತದೆ. ಪೈಪಿನ ಬಾಯಿ ಮೇಲ್ಮೈಯಿಂದ 3 ಸೆಂ.ಮೀ. ಕೆಳಗಿದ್ದರೆ 16 ಲೀಟರ್ ಇಳಿಯಿತು. ಓವರ್‌ಫ್ಲೋ ಬಾಕ್ಸ್ ಮತ್ತು ಪೈಪುಗಳಲ್ಲಿರುವುದನ್ನೂ ಸೇರಿಸಿ 20 ಲೀಟರ್ ಎಂದಿಟ್ಟುಕೊಳ್ಳಿ. ನಿಮ್ಮ ಸಂಪಿನಲ್ಲಿ ಅದು ಸುಮಾರು 8 ಸೆಂ.ಮೀ. ಏರಿಕೆ. ಇದನ್ನು ಆರಾಮಾಗಿ ತಡೆದುಕೊಳ್ಳಬಹುದು. ಅದೇ ಪೈಪಿನ ಬಾಯಿ 10 ಸೆಂ.ಮೀ. ಆಳದಲ್ಲಿದ್ದರೆ? 54 ಲೀಟರ್ ಕೆಳಗೆ ಬರುತ್ತದೆ, ಸಂಪ್ 20 ಸೆಂ.ಮೀ.ಗಿಂತ ಜಾಸ್ತಿ ಏರುತ್ತದೆ. ಮೊದಲೇ 20 ಸೆಂ.ಮೀ. ದಾಟಿ ನೀರಿರುವ ಸಂಪಿಗೆ ಅಷ್ಟು ಬಂದರೆ ಉಕ್ಕಿ ನೆಲಕ್ಕೆ ಹರಿಯುವುದು ಖಂಡಿತ.

ಆದ್ದರಿಂದ ರಿಟರ್ನ್ ಪೈಪಿನ ಬಾಯಿ ಮೇಲ್ಮೈಗೆ ಹತ್ತಿರವೇ ಇರಲಿ. ಜೊತೆಗೆ ನೀರಿನ ಮಟ್ಟಕ್ಕಿಂತ ಸ್ವಲ್ಪವೇ ಕೆಳಗೆ ಪೈಪಿಗೆ 5–6 ಮಿ.ಮೀ. ತೂತು ಕೊರೆಯಿರಿ. ನೀರು ಅಷ್ಟು ಇಳಿದಾಗ ಅಲ್ಲಿಂದ ಗಾಳಿ ಹೊಕ್ಕು ಸೈಫನ್ ಕಡಿದುಹೋಗುತ್ತದೆ. ಆ ತೂತು ಪಾಚಿಯಿಂದ, ಬಸವನಹುಳುವಿನಿಂದ ಮುಚ್ಚಿಹೋಗುವುದುಂಟು. ಆಗಾಗ ಕಡ್ಡಿ ಹಾಕಿ ಬಿಡಿಸಿ. ನೀರನ್ನು ಒಂದೇ ದಿಕ್ಕಿಗೆ ಬಿಡುವ ಚೆಕ್ ವಾಲ್ವ್ ಇದೆಯಲ್ಲಾ ಎಂದು ಧೈರ್ಯವಾಗಿರಬೇಡಿ. ಉಪ್ಪುನೀರಿನಲ್ಲಿ ಅದಕ್ಕೆ ಸುಣ್ಣ ಕಟ್ಟುತ್ತದೆ, ಸಣ್ಣ ಕಸ ಸಿಕ್ಕಿಕೊಂಡರೂ ಪೂರ್ತಿ ಮುಚ್ಚುವುದಿಲ್ಲ.

ಈಗ ಗಾಜಿನ ವಿಷಯ. ಎಡಗಡೆ ಸುಮಾರು 22 ಸೆಂ.ಮೀ. ಉದ್ದದ ಕೋಣೆ ಸ್ಕಿಮ್ಮರಿಗೆ. ಅದರ ಗೋಡೆ 23 ಸೆಂ.ಮೀ. ಎತ್ತರ, ನೀರು ಮೇಲಿಂದ ದಾಟಬೇಕು. ಸ್ಕಿಮ್ಮರ್ ಚೆನ್ನಾಗಿ ಕೆಲಸ ಮಾಡಲು ನೀರಿನ ಮಟ್ಟ ಕದಲಬಾರದು, ಈ ಗೋಡೆ ಅದನ್ನು ಹಿಡಿದಿಡುತ್ತದೆ. ಎಷ್ಟೋ ಸ್ಕಿಮ್ಮರುಗಳಿಗೆ 18ರಿಂದ 23 ಸೆಂ.ಮೀ. ಆಳ ಹೊಂದುತ್ತದೆ. ನಿಮ್ಮದರ ಜೊತೆ ಬಂದ ಹಾಳೆಯಲ್ಲಿ ಎಷ್ಟಿದೆ ನೋಡಿ. ಕಡಿಮೆ ಆಳ ಬೇಕಿದ್ದರೆ ಅಡಿಗೆ ಪೀಠ ಕೊಟ್ಟು ಎತ್ತರಿಸಿದರಾಯಿತು.

ಆಮೇಲೆ ರೆಫ್ಯೂಜಿಯಂ, 26 ಸೆಂ.ಮೀ. ಉದ್ದ. ಸುಮಾರು 20 ಲೀಟರ್ ಹಿಡಿಯುತ್ತದೆ. ಅದರ ಕೊನೆಯ ಗೋಡೆ 22 ಸೆಂ.ಮೀ. ಅದರಿಂದ 3 ಸೆಂ.ಮೀ. ಬಿಟ್ಟು ಇನ್ನೊಂದು ಗಾಜು. ಇದು ತಳದಿಂದ 3 ಸೆಂ.ಮೀ. ಮೇಲೆ ನಿಲ್ಲಬೇಕು, ತಲೆ ನೀರಿನಿಂದ ಹೊರಗಿರಬೇಕು. ಮತ್ತೆ 3 ಸೆಂ.ಮೀ. ಬಿಟ್ಟು ಮೂರನೆಯದು, 19 ಸೆಂ.ಮೀ. ಎತ್ತರ. ನೀರು ಮೇಲಿಂದ, ಕೆಳಗಿಂದ, ಮತ್ತೆ ಮೇಲಿಂದ ದಾಟುವಾಗ ಗುಳ್ಳೆಗಳು ಅಲ್ಲೇ ಉಳಿಯುತ್ತವೆ. ಉಳಿದ 18 ಸೆಂ.ಮೀ. ರಿಟರ್ನ್ ಪಂಪಿಗೆ.

ಈ ಕೊನೆಯ ಕೋಣೆಯ ಬಗ್ಗೆ ಸ್ವಲ್ಪ ನಿಂತು ಯೋಚಿಸಿ. ಇಡೀ ವ್ಯವಸ್ಥೆಯಲ್ಲಿ ನೀರು ಆವಿಯಾದದ್ದು ಕಾಣುವುದು ಇಲ್ಲಿ ಮಾತ್ರ, ಉಳಿದ ಕಡೆ ಗೋಡೆಗಳು ಮಟ್ಟ ಹಿಡಿದಿರುತ್ತವೆ. ಈ ಕೋಣೆಯಲ್ಲಿ 1 ಸೆಂ.ಮೀ. ಅಂದರೆ ಬರೀ 0.6 ಲೀಟರ್. ದಿನಕ್ಕೆ 3 ಲೀಟರ್ ಆವಿಯಾದರೆ ಮಟ್ಟ 5 ಸೆಂ.ಮೀ. ಕುಸಿಯುತ್ತದೆ. ಎರಡು ದಿನ ಊರಿಗೆ ಹೋಗಿ ಬಂದರೆ ಪಂಪ್ ಗಾಳಿ ಎಳೆಯುತ್ತಿರುತ್ತದೆ. ಹಾಗಾಗಿ ಆವಿಯಾದಷ್ಟು ನೀರನ್ನು ತಾನಾಗಿಯೇ ತುಂಬುವ ಆಟೋ ಟಾಪ್‌ಆಫ್ ಇಲ್ಲಿ ಅಗತ್ಯ ಅಂತಲೇ ಹೇಳುತ್ತೇನೆ. ತುಂಬುವುದು ಆರ್‌ಒ-ಡಿಐ ಶುದ್ಧ ನೀರನ್ನು, ಅಂದರೆ ಲವಣಗಳನ್ನು ಸೋಸಿ ತೆಗೆದ ನೀರನ್ನು. ಉಪ್ಪು ಆವಿಯಾಗುವುದಿಲ್ಲ ಅಲ್ವಾ, ಉಪ್ಪುನೀರೇ ಸುರಿದರೆ ಲವಣಾಂಶ ಏರುತ್ತಲೇ ಹೋಗುತ್ತದೆ.

ಹಾಗಂತ ಈ ಕೋಣೆಯನ್ನು ಭಾರಿ ದೊಡ್ಡದು ಮಾಡಬೇಡಿ. ಇಳಿಯುವ ಪೈಪ್ ಎಂದಾದರೂ ಕಟ್ಟಿಕೊಂಡರೆ ಪಂಪ್ ಈ ಕೋಣೆಯ ನೀರನ್ನೆಲ್ಲ ಮೇಲಕ್ಕೆ ತಳ್ಳುತ್ತದೆ. 16 ಸೆಂ.ಮೀ. ಮಟ್ಟದಲ್ಲಿ ಇಲ್ಲಿರುವುದು ಸುಮಾರು 10 ಲೀಟರ್. ಅಷ್ಟೂ ಹೋದರೂ ಮೇಲಿನ ಟ್ಯಾಂಕ್ 2 ಸೆಂ.ಮೀ. ಏರುತ್ತದೆ, ಅಷ್ಟೇ. ಮೇಲೆ 3 ಸೆಂ.ಮೀ. ಅಂಚು ಖಾಲಿ ಬಿಟ್ಟಿದ್ದರೆ ನೆಲ ಒದ್ದೆಯಾಗುವುದಿಲ್ಲ. ಓವರ್‌ಫ್ಲೋ ಬಾಕ್ಸಿನಲ್ಲಿ ಎರಡನೇ ಪೈಪಿಗೆ ಜಾಗವಿದ್ದರೆ ಅದನ್ನು ತುಸು ಎತ್ತರದಲ್ಲಿ ಖಾಲಿ ಇಟ್ಟಿರಿ. ಮೊದಲನೆಯದು ಕಟ್ಟಿಕೊಂಡ ದಿನ ಅದು ಕೆಲಸಕ್ಕೆ ಬರುತ್ತದೆ.

ಇನ್ನು ನಿಧಾನ ಹರಿವು. ಗಂಟೆಗೆ 1,500 ಲೀಟರ್ ಹರಿಯುತ್ತದೆ ಎಂದಿಟ್ಟುಕೊಳ್ಳಿ. ನಿಮ್ಮ ರೆಫ್ಯೂಜಿಯಂನ ಅಡ್ಡಳತೆ 35 × 22 ಸೆಂ.ಮೀ. ಭಾಗಿಸಿ ನೋಡಿದರೆ ನೀರು ಸೆಕೆಂಡಿಗೆ ಅರ್ಧ ಸೆಂಟಿಮೀಟರಿನಷ್ಟು ಮಾತ್ರ ಚಲಿಸುತ್ತದೆ. ಇದಕ್ಕಿಂತ ನಿಧಾನ ಬೇಕಾಗಿಲ್ಲ. ವೇಗವಾಗಿ ಹೋದರೆ ಪಾಚಿಗೆ ಪೋಷಕಾಂಶ ಹೀರಲು ಸಮಯ ಸಿಗುವುದಿಲ್ಲ ಎನ್ನುವ ಮಾತು ತುಂಬಾ ಹಳೆಯದು, ನಾನು ಒಪ್ಪುವುದಿಲ್ಲ. ಅದೇ ನೀರು ಸುತ್ತಿ ಸುತ್ತಿ ಬರುತ್ತಲೇ ಇರುತ್ತದೆ. ಹರಿವು ತೀರಾ ಕಡಿಮೆಯಾದರೆ ಕೊಳೆ ತಳದಲ್ಲಿ ಕೂರುತ್ತದೆ, ಪಾಚಿಯ ಎಳೆಗಳ ಸುತ್ತ ನೀರು ಹೊಸದಾಗುವುದೂ ಕಡಿಮೆ. ಬೇರೆ ಪೈಪ್, ಬೇರೆ ವಾಲ್ವ್ ಏನೂ ಬೇಡ. ಎಲ್ಲಾ ನೀರೂ ನೇರ ಅದರೊಳಗೆ ಹೋಗಲಿ. ಪಾಚಿ ತೇಲಿ ಪಂಪಿನ ಕಡೆ ಹೋಗದಂತೆ ಕೊನೆಯ ಗೋಡೆಯ ಮುಂದೆ ಪೂರ್ತಿ ಅಗಲಕ್ಕೆ ಪ್ಲಾಸ್ಟಿಕ್ ಜಾಲರಿ ನಿಲ್ಲಿಸಿ.

ಅಂಟಿಸುವಾಗ ಗಮನಿಸಬೇಕಾದದ್ದು ಸಿಲಿಕೋನ್. ಬಾತ್‌ರೂಮಿಗೆಂದು ಮಾರುವುದರಲ್ಲಿ ಬೂಷ್ಟು ತಡೆಯುವ ವಿಷ ಇರುತ್ತದೆ, ಅದು ಬೇಡ. ಅಕ್ವೇರಿಯಂಗೆ ಆಗುತ್ತದೆ ಎಂದು ಬರೆದಿರುವುದನ್ನೇ ತನ್ನಿ. ಅಡ್ಡಗೋಡೆಗೆ ಅಕ್ರಿಲಿಕ್ ಬಳಸಬೇಡಿ, ಸಿಲಿಕೋನ್ ಅದನ್ನು ಗಟ್ಟಿಯಾಗಿ ಹಿಡಿಯುವುದಿಲ್ಲ, ನೀರು ಕುಡಿದು ಬಾಗುವುದೂ ಉಂಟು. ಗಾಜೇ ಸರಿ. ಅಂಟಿಸಿದ ಮೇಲೆ ಕನಿಷ್ಠ ಎರಡು ದಿನ ಒಣಗಲು ಬಿಡಿ, ಆಮೇಲೆ ಸಿಹಿನೀರು ತುಂಬಿ ಸೋರುತ್ತದಾ ನೋಡಿ. ತಾಮ್ರ, ಹಿತ್ತಾಳೆಯ ಒಂದು ಸ್ಕ್ರೂ ಕೂಡ ನೀರಿಗೆ ತಾಗಬಾರದು. ತಾಮ್ರ ಸೀಗಡಿ, ಬಸವನಹುಳು, ಹವಳಗಳನ್ನು ಕೊಲ್ಲುತ್ತದೆ. ವಿದ್ಯುತ್ ಸಾಲಿಗೆ ಆರ್‌ಸಿಸಿಬಿ (ಕರೆಂಟ್ ಸೋರಿದ ತಕ್ಷಣ ಸಾಲು ಕಡಿಯುವ ಸ್ವಿಚ್) ಇರಲಿ. ಪ್ರತಿ ವೈರೂ ಪ್ಲಗ್ಗಿಗಿಂತ ಕೆಳಗೆ ಜೋತು ಬಿದ್ದು ಆಮೇಲೆ ಮೇಲೇರಲಿ, ಹನಿ ನೀರು ಪ್ಲಗ್ಗಿನ ಕಡೆ ಹರಿಯುವುದಿಲ್ಲ.

ಎಲ್ಲಾ ಮುಗಿದ ಮೇಲೆ, ಮೀನು ಬಿಡುವ ಮುಂಚೆ, ಪಂಪಿನ ಪ್ಲಗ್ ಕಿತ್ತು ಪಕ್ಕದಲ್ಲೇ ನಿಂತು ನೋಡಿ. ನೀರು ಎಲ್ಲಿಗೆ ಬಂದು ನಿಂತಿತೋ ಅಲ್ಲಿ ಸಂಪಿನ ಹೊರಗೆ ಗುರುತು ಹಾಕಿ. ಮತ್ತೆ ಶುರು ಮಾಡಿ, ನಡೆಯುವಾಗಿನ ಮಟ್ಟಕ್ಕೆ ಇನ್ನೊಂದು ಗೆರೆ. ಮುಂದೆ ಎಂದೂ ಆ ಎರಡನೇ ಗೆರೆಗಿಂತ ಜಾಸ್ತಿ ತುಂಬಬೇಡಿ.

ಪ್ರಶ್ನೆ: ರೆಫ್ಯೂಜಿಯಂ ಮಾಡಿ ಮೂರು ತಿಂಗಳಾಯಿತು. ಕೀಟೋಮಾರ್ಫಾ ಎಂಬ ನಾರಿನಂಥ ಹಸಿರು ಪಾಚಿ ಹಾಕಿದ್ದೇನೆ. ಬೆಳೆಯುತ್ತಿಲ್ಲ, ಬಣ್ಣವೂ ಮಾಸಿದೆ. ನೈಟ್ರೇಟ್ 30 ಪಿಪಿಎಂ (ಹತ್ತು ಲಕ್ಷಕ್ಕೆ 30 ಭಾಗ) ಇದ್ದದ್ದು ಹಾಗೇ ಇದೆ. ಫಾಸ್ಫೇಟ್ ಮಾತ್ರ ಸೊನ್ನೆ ತೋರಿಸುತ್ತದೆ. ಫಾಸ್ಫೇಟ್ ಹೀರುವ ಮೀಡಿಯಾ ಮೊದಲಿನಿಂದಲೂ ಹಾಕಿದ್ದೇನೆ.

ಉತ್ತರ: ನಿಮ್ಮ ಪತ್ರದ ಕೊನೆಯ ವಾಕ್ಯದಲ್ಲೇ ಕಾರಣ ಇದೆ. ಪಾಚಿ ಬೆಳೆಯಲು ಸಾರಜನಕ (ನೈಟ್ರೇಟಿನಿಂದ), ರಂಜಕ (ಫಾಸ್ಫೇಟಿನಿಂದ) ಎರಡೂ ಬೇಕು. ಕಡಲ ದೊಡ್ಡ ಪಾಚಿಗಳಲ್ಲಿ ಸರಾಸರಿ 30 ಸಾರಜನಕದ ಪರಮಾಣುಗಳಿಗೆ 1 ರಂಜಕ ಇರುತ್ತದೆ. ಬೇಕಾಗಿರುವುದು ಸ್ವಲ್ಪವೇ, ಆದರೆ ಅಷ್ಟೂ ಇಲ್ಲದಿದ್ದರೆ ನೈಟ್ರೇಟ್ ಎಷ್ಟಿದ್ದರೂ ಅದು ತಿನ್ನಲಾರದು. ಮೀಡಿಯಾ ತೆಗೆದುಹಾಕಿ. ಫಾಸ್ಫೇಟ್ 0.03ರಿಂದ 0.1 ಪಿಪಿಎಂ ನಡುವೆ ಬರಲಿ.

ಬೆಳಕನ್ನೂ ನೋಡಿ. ಮಂಕಾದ ಸಣ್ಣ ದೀಪವಾದರೆ ಮೇಲಿನ ಪದರ ಮಾತ್ರ ಹಸಿರಾಗಿ, ಒಳಗೆಲ್ಲ ಬೆಳ್ಳಗಾಗುತ್ತದೆ. ಗಿಡ ಬೆಳೆಸುವ ಎಲ್‌ಇಡಿ ಅಥವಾ 6,500 ಕೆಲ್ವಿನ್ ಸುತ್ತಮುತ್ತಲ ಬಿಳಿ ದೀಪ ಸಾಕು. ಮೇಲಿನ ಟ್ಯಾಂಕಿನ ದೀಪ ಆರಿದ ಮೇಲೆ ಇದು ಹತ್ತಲಿ. ರಾತ್ರಿ ಮೀನು, ಹವಳ ಎಲ್ಲವೂ ಬಿಡುವ ಕಾರ್ಬನ್ ಡೈಆಕ್ಸೈಡನ್ನು ಕೆಳಗಿನ ಪಾಚಿ ಎಳೆದುಕೊಳ್ಳುತ್ತದೆ, ಬೆಳಗಿನ ಜಾವ ಪಿಎಚ್ ಅಷ್ಟಾಗಿ ಕುಸಿಯುವುದಿಲ್ಲ.

ಬೆಳೆಯಲು ಶುರುವಾದ ಮೇಲೆ ಕೊಯ್ಲು ಮರೆಯಬೇಡಿ. ಪಾಚಿ ಹೀರಿದ ನೈಟ್ರೇಟ್ ನಿಮ್ಮ ಟ್ಯಾಂಕಿನಿಂದ ಹೊರಗೆ ಹೋಗುವುದು ನೀವು ಪಾಚಿಯನ್ನು ಕೈಯಾರೆ ತೆಗೆದಾಗ ಮಾತ್ರ. ಸುಮ್ನೆ ಬಿಟ್ಟರೆ ಪಾತ್ರೆ ತಿಕ್ಕುವ ನಾರಿನ ಉಂಡೆಯಂತೆ ಒತ್ತಾಗಿ, ನಡುವೆ ಕೊಳೆತು, ಹೀರಿದ್ದನ್ನೆಲ್ಲ ನೀರಿಗೇ ವಾಪಸ್ ಕೊಡುತ್ತದೆ. ಉಂಡೆ ಕೋಣೆ ತುಂಬಿದಾಗ ಮೂರನೇ ಒಂದು ಭಾಗ ಹರಿದು ತೆಗೆಯಿರಿ. ತೆಗೆಯುವಾಗ ಸಂಪಿನ ಮೇಲೇ ಹಿಡಿದು ನೀರಿನಲ್ಲಿ ಮೆಲ್ಲಗೆ ಜಾಲಾಡಿಸಿ. ಕಣ್ಣಿಗೆ ಚುಕ್ಕಿಯಂತೆ ಕಾಣುವ ಕೋಪೆಪಾಡುಗಳು, ಬಾಗಿದ ಬೆನ್ನಿನ ಆಂಫಿಪಾಡುಗಳು, ಅಂದರೆ ಸೀಗಡಿ ಬಳಗದ ಪುಟ್ಟ ಜೀವಿಗಳು, ಉದುರುತ್ತವೆ. ಮ್ಯಾಂಡರಿನ್ ಮೀನು ಸಾಕಿದ್ದರೆ ಇವೇ ಅದರ ಊಟ.

ಪ್ರಶ್ನೆ: ಕೀಟೋ ಬದಲು ಕಾಲರ್ಪಾ ಎಂಬ ಪಾಚಿ ಹಾಕಬಹುದಾ? ನೋಡಲು ಚೆಂದ.

ಉತ್ತರ: ಚೆಂದ ನಿಜ, ಬೇಗ ಬೆಳೆಯುತ್ತದೆ ಕೂಡ. ಆದರೆ ನಾನು ಹಾಕುವುದಿಲ್ಲ. ಕಾಲರ್ಪಾ ಒಮ್ಮೊಮ್ಮೆ ಒಂದೇ ರಾತ್ರಿಯಲ್ಲಿ ತನ್ನೊಳಗಿನದ್ದನ್ನೆಲ್ಲ ಸಂತಾನಕಣಗಳಾಗಿ ನೀರಿಗೆ ಬಿಟ್ಟು ಗಾಜಿನಂತೆ ಬಣ್ಣಗೆಟ್ಟು ಸಾಯುತ್ತದೆ. ನೀರು ಹಸಿರಾಗಿ ಕದಡುತ್ತದೆ, ಆಮ್ಲಜನಕ ಇಳಿಯುತ್ತದೆ. ಬೆಳಗ್ಗೆ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿರುತ್ತವೆ.

ಇನ್ನೊಂದು ಕಾರಣವೂ ಇದೆ. ಕಾಲರ್ಪಾ ಟ್ಯಾಕ್ಸಿಫೋಲಿಯಾ ಎಂಬ ಜಾತಿ 1984ರಲ್ಲಿ ಮೊನಾಕೊ ಕರಾವಳಿಯಲ್ಲಿ ಕಂಡಿತು. ಅಕ್ವೇರಿಯಂನಿಂದ ತಪ್ಪಿಸಿಕೊಂಡು ಮೆಡಿಟರೇನಿಯನ್ ತಳದಲ್ಲಿ ಹಬ್ಬಿತು. 2000ರಲ್ಲಿ ಕ್ಯಾಲಿಫೋರ್ನಿಯಾದ ಖಾರಿಯೊಂದರಲ್ಲೂ ಸಿಕ್ಕಿತು, ಅಲ್ಲಿ ಅದನ್ನು ನಿರ್ಮೂಲ ಮಾಡಲು ವರ್ಷಗಳೇ ಹಿಡಿದವು. ಸಣ್ಣ ತುಂಡೊಂದು ಸಾಕು, ಹೊಸದಾಗಿ ಚಿಗುರುತ್ತದೆ. ನೀವು ಯಾವ ಪಾಚಿ ಸಾಕಿದರೂ ಸರಿ, ಕೊಯ್ದದ್ದನ್ನು ಸಮುದ್ರಕ್ಕೆ, ಹಳ್ಳಕ್ಕೆ, ಚರಂಡಿಗೆ ಎಸೆಯಬೇಡಿ. ಬಿಸಿಲಲ್ಲಿ ಗರಿಗರಿಯಾಗಿ ಒಣಗಿಸಿ ಕಸದ ಬುಟ್ಟಿಗೆ ಹಾಕಿ.