ಕೆಳಮನೆಯ ಪ್ರಿಂಟರ್, ಮೇಲ್ಮನೆಯ ಲ್ಯಾಪ್‌ಟಾಪ್

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಹನುಮಂತನಗರದಲ್ಲಿ ನಮ್ಮದು ಹಳೆಯ ಮನೆ. ಕೆಳಗೆ ನಾವಿಬ್ಬರು, ಮೇಲೆ ಮಗ, ಸೊಸೆ, ಮೊಮ್ಮಗಳು. ಫೈಬರ್ ಇಂಟರ್‌ನೆಟ್ಟಿನ ಡಬ್ಬಿಯೂ ವೈ-ಫೈ ಪ್ರಿಂಟರೂ ಕೆಳಗಿವೆ. ಮೇಲೆ ಸಿಗ್ನಲ್ ಬರುವುದಿಲ್ಲವೆಂದು ಮಗ ಇನ್ನೊಂದು ರೌಟರ್ ತಂದು, ಕೇಬಲ್ ಎಳೆಸಿ, ಕೆಳಗಿನ ಹೆಸರು, ಪಾಸ್‌ವರ್ಡನ್ನೇ ಅದಕ್ಕೂ ಕೊಟ್ಟ. ಇಂಟರ್‌ನೆಟ್ ಚೆನ್ನಾಗಿ ಬರುತ್ತದೆ. ಆದರೆ ಮೇಲೆ ಕೂತರೆ ಲ್ಯಾಪ್‌ಟಾಪಿಗೆ ಪ್ರಿಂಟರ್ ಕಾಣುವುದಿಲ್ಲ. ಕೆಳಗೆ ತಂದರೆ ಪ್ರಿಂಟ್ ಆಗುತ್ತದೆ. ಮೊಮ್ಮಗಳ ಪ್ರಾಜೆಕ್ಟ್ ಕೆಲಸಕ್ಕೆಂದು ಸೊಸೆ ದಿನಾ ಪೆನ್‌ಡ್ರೈವ್ ಹಿಡಿದು ಮೆಟ್ಟಿಲಿಳಿಯುತ್ತಾಳೆ. ರಿಪೇರಿಯವರು ಬಂದು ನೋಡಿ, ಪ್ರಿಂಟರ್ ಹಳೆಯದಾಯಿತು, ಹೊಸದು ಕೊಳ್ಳಿ ಎಂದರು. ಕೊಳ್ಳಲೇ?

ಉತ್ತರ: ಮೇಷ್ಟ್ರೇ, ಕೊಳ್ಳಬೇಡಿ. ಕೆಳಗೆ ತಂದರೆ ಪ್ರಿಂಟ್ ಆಗುತ್ತದೆ ಎಂದು ನೀವೇ ಬರೆದಿದ್ದೀರಿ. ಪ್ರಿಂಟರ್ ಗಟ್ಟಿಯಾಗಿದೆ ಎನ್ನಲು ಅಷ್ಟು ಸಾಕು. ನಿಮ್ಮ ಮನೆಯ ವೈ-ಫೈಗೆ ಹೆಸರು ಒಂದೇ, ಆದರೆ ನೆಟ್‌ವರ್ಕ್ ಎರಡಾಗಿ ಕೂತಿದೆ. ಈ ಅಂಕಣಕ್ಕೆ ಬರುವ ಪ್ರಿಂಟರಿನ ಪತ್ರಗಳಲ್ಲಿ ನಾನು ಮೊದಲು ಹುಡುಕುವುದೇ ಇದನ್ನು.

ಇದನ್ನು ನೀವೇ ಕಣ್ಣಾರೆ ನೋಡಬಹುದು. ಪ್ರಿಂಟರಿನ ಮೇಲೆ ವೈ-ಫೈ ಗುರುತಿನದೋ ‘ಐ’ ಅಕ್ಷರದ್ದೋ ಒಂದು ಗುಂಡಿ ಇರುತ್ತದೆ. ಅದನ್ನು ಕೆಲವು ಸೆಕೆಂಡ್ ಒತ್ತಿ ಹಿಡಿದರೆ ಬಹಳಷ್ಟು ಪ್ರಿಂಟರುಗಳು ತಮ್ಮ ವಿವರವನ್ನು ತಾವೇ ಒಂದು ಹಾಳೆಯ ಮೇಲೆ ಅಚ್ಚುಹಾಕಿ ಕೊಡುತ್ತವೆ. ಅದರಲ್ಲಿ ಐಪಿ ಅಡ್ರೆಸ್ ಎನ್ನುವ ಸಾಲು ಹುಡುಕಿ. ನೆಟ್‌ವರ್ಕಿನಲ್ಲಿ ಆ ಯಂತ್ರದ ಮನೆ ನಂಬರು ಅದು. 192.168.1.7 ಎಂದಿದೆ ಅನ್ನಿ. ಈಗ ಆ ಹಾಳೆ ಹಿಡಿದು ಮೇಲೆ ಹೋಗಿ, ಲ್ಯಾಪ್‌ಟಾಪಿನ ಸೆಟ್ಟಿಂಗ್ಸಿನಲ್ಲಿ ವೈ-ಫೈ ಪ್ರಾಪರ್ಟೀಸ್ ತೆರೆದು, ಐಪಿವಿ4 ಅಡ್ರೆಸ್ ನೋಡಿ. 192.168.0.104 ಎಂಬಂಥದ್ದು ಕಂಡರೆ ಗುಟ್ಟು ಸಿಕ್ಕಿತು. ಮೂರನೆಯ ಅಂಕಿಯನ್ನು ಹೋಲಿಸಿ: ಕೆಳಗೆ 1, ಮೇಲೆ 0.

ಮೇಲಿನ ರೌಟರ್ ತನ್ನ ಸುತ್ತ ಬೇರೆಯೇ ಕಾಂಪೌಂಡ್ ಕಟ್ಟಿಕೊಂಡಿದೆ. ಲ್ಯಾಪ್‌ಟಾಪ್ ಪ್ರಿಂಟರನ್ನು ಹುಡುಕುವುದು ಕೂಗು ಹಾಕಿ: ಇಲ್ಲಿ ಪ್ರಿಂಟರ್ ಯಾರಾದರೂ ಇದ್ದೀರಾ? ಆ ಕೂಗು ಕಾಂಪೌಂಡ್ ದಾಟುವುದಿಲ್ಲ. ಇಂಟರ್‌ನೆಟ್ಟಿಗೆ ಗೇಟು ತೆರೆದಿರುವುದರಿಂದ ಸಿನಿಮಾ, ವಿಡಿಯೋ ಕರೆ ಎಲ್ಲ ನಡೆಯುತ್ತವೆ, ಹಾಗಾಗಿ ಯಾರಿಗೂ ರೌಟರಿನ ಮೇಲೆ ಅನುಮಾನ ಬರುವುದಿಲ್ಲ. ತಪ್ಪೆಲ್ಲ ಪಾಪದ ಪ್ರಿಂಟರಿನ ತಲೆಗೆ.

ನಿಮ್ಮ ಮಗ ಎರಡನೇ ರೌಟರ್ ತಂದದ್ದು ತಪ್ಪಲ್ಲ. ನಮ್ಮ ಕಡೆಯ ಹಳೆಯ ಮನೆಗಳ ಸೈಜುಗಲ್ಲಿನ ಗೋಡೆಯನ್ನೂ ನಡುವಿನ ಕಾಂಕ್ರೀಟ್ ಸ್ಲ್ಯಾಬನ್ನೂ ದಾಟುವಷ್ಟರಲ್ಲಿ ವೈ-ಫೈ ಅಲೆ ಸೊರಗುತ್ತದೆ, ಅದರಲ್ಲೂ 5 ಗಿಗಾಹರ್ಟ್ಸಿನದು. ಕೇಬಲ್ ಎಳೆಸಿದ್ದಂತೂ ಬಹಳ ಒಳ್ಳೆಯ ಕೆಲಸ. ಅವರು ಮಾಡಬೇಕಾದ್ದು ಇನ್ನೊಂದೇ ಇದೆ: ಮೇಲಿನ ರೌಟರಿಗೆ ರೌಟರ್ ಕೆಲಸ ಬಿಡಿಸಿ, ಬರೀ ಸಿಗ್ನಲ್ ಹಂಚುವ ಕೆಲಸ ಕೊಡುವುದು. ರೌಟರಿನ ಸೆಟ್ಟಿಂಗ್ ಪುಟದಲ್ಲಿ ‘ಆಪರೇಷನ್ ಮೋಡ್’ ಎಂದಿದ್ದರೆ ಅಲ್ಲಿ ‘ಆಕ್ಸೆಸ್ ಪಾಯಿಂಟ್’ ಆರಿಸಿ ಸೇವ್ ಮಾಡಿದರೆ ಮುಗಿಯಿತು.

ಹಳೆಯ ರೌಟರುಗಳಲ್ಲಿ ಆ ಆಯ್ಕೆ ಇರುವುದಿಲ್ಲ. ಆಗ ಕೈಯಾರೆ ಮಾಡಬೇಕು, ಅದೂ ಇದೇ ಕ್ರಮದಲ್ಲಿ. ಮೊದಲು ಕೆಳಗಿನಿಂದ ಬಂದ ಕೇಬಲನ್ನು ಕಿತ್ತಿಡಿ. ಮೇಲಿನ ರೌಟರಿನ ಲ್ಯಾನ್ (ಮನೆಯೊಳಗಿನ ನೆಟ್‌ವರ್ಕಿನ) ಅಡ್ರೆಸ್ಸನ್ನು ಕೆಳಮನೆಯ ಡಬ್ಬಿಯ ಸಂಖ್ಯೆಗಳ ಸಾಲಿಗೆ ತನ್ನಿ, ಉದಾಹರಣೆಗೆ 192.168.1.250. ಆ ಸಂಖ್ಯೆ ಕೆಳಗಿನ ಡಬ್ಬಿ ಬೇರೆಯವರಿಗೆ ಹಂಚುವ ಸಂಖ್ಯೆಗಳ ಹೊರಗಿರಬೇಕು. ಹೊಸ ಅಡ್ರೆಸ್ಸಿನಲ್ಲಿ ಮತ್ತೆ ಒಳಹೋಗಿ ಡಿಎಚ್‌ಸಿಪಿ, ಅಂದರೆ ಸಂಖ್ಯೆ ಹಂಚುವ ಕೆಲಸ, ಆಫ್ ಮಾಡಿ. ಕೊನೆಗೆ ಕೇಬಲನ್ನು, ಮೊದಲು ಇದ್ದ ಬೇರೆ ಬಣ್ಣದ ವ್ಯಾನ್ (ಇಂಟರ್‌ನೆಟ್ ಒಳಬರುವ) ತೂತಿಗಲ್ಲ, ಪಕ್ಕದ ಲ್ಯಾನ್ ತೂತುಗಳಲ್ಲೊಂದಕ್ಕೆ ಚುಚ್ಚಿ. ಡಿಎಚ್‌ಸಿಪಿ ಆಫ್ ಮಾಡುವುದನ್ನು ಮರೆತರೆ ಒಂದೇ ಮನೆಯಲ್ಲಿ ಇಬ್ಬರು ಸಂಖ್ಯೆ ಹಂಚಲು ನಿಲ್ಲುತ್ತಾರೆ, ಇಂಟರ್‌ನೆಟ್ಟೂ ಬಂದು ಬಂದು ಹೋಗುತ್ತದೆ. ಎಲ್ಲ ಮುಗಿದ ಮೇಲೆ ಲ್ಯಾಪ್‌ಟಾಪಿನ ವೈ-ಫೈ ಒಮ್ಮೆ ಆರಿಸಿ ಹಚ್ಚಿ. ಮೂರನೆಯ ಅಂಕಿ ಮೇಲೂ 1 ಆಗಿರಬೇಕು.

ಭಾನುವಾರದವರೆಗೂ ಮಗನಿಗೆ ಬಿಡುವಿಲ್ಲವೆಂದರೆ, ಮೇಲಿನ ಲ್ಯಾಪ್‌ಟಾಪಿನ ಬ್ರೌಸರಿನಲ್ಲಿ ಪ್ರಿಂಟರಿನ ಸಂಖ್ಯೆ ಹೊಡೆದು ನೋಡಿ. ಪ್ರಿಂಟರಿನ ಪುಟ ತೆರೆದರೆ, ‘ಆ್ಯಡ್ ಪ್ರಿಂಟರ್’ನಲ್ಲಿ ತಾನಾಗಿ ಹುಡುಕಲು ಬಿಡದೆ ಟಿಸಿಪಿ/ಐಪಿ ಅಡ್ರೆಸ್ ಕೊಟ್ಟು ಸೇರಿಸಬಹುದು. ಕೂಗು ದಾಟದಿದ್ದರೂ ಮೇಲಿನಿಂದ ಕೆಳಕ್ಕೆ ವಿಳಾಸ ಹೇಳಿ ಕಳಿಸಿದ ಕಾಗದ ಸಾಮಾನ್ಯವಾಗಿ ತಲುಪುತ್ತದೆ. ಸೊಸೆಗೆ ಈ ವಾರದ ಮೆಟ್ಟಿಲು ತಪ್ಪುತ್ತದೆ.

ಇನ್ನೊಂದು ಮಾತು. ಕರೆಂಟ್ ಹೋಗಿ ಬಂದಾಗ ಪ್ರಿಂಟರಿಗೆ ಬೇರೆ ಸಂಖ್ಯೆ ಸಿಗಬಹುದು. ‘ನಿನ್ನೆ ಆಗುತ್ತಿತ್ತು, ಇವತ್ತು ಆಫ್‌ಲೈನ್ ಅನ್ನುತ್ತದೆ’ ಎಂಬ ದೂರಿನ ಮೂಲ ಬಹಳ ಸಲ ಇದೇ. ಕೆಳಗಿನ ಡಬ್ಬಿಯಲ್ಲಿ ‘ಅಡ್ರೆಸ್ ರಿಸರ್ವೇಷನ್’ಗೆ ಹೋಗಿ ಹಾಳೆಯಲ್ಲಿ ಕಂಡ ಐಪಿ ಸಂಖ್ಯೆಯನ್ನು (ನಮ್ಮ ಉದಾಹರಣೆಯಲ್ಲಿ 192.168.1.7) ಪ್ರಿಂಟರಿನ ಹೆಸರಿಗೆ ಖಾಯಂ ಮಾಡಿಸಿ. ಆ ಅಚ್ಚಾದ ಹಾಳೆಯನ್ನು ಬಿಸಾಡಬೇಡಿ. ತ್ಯಾಗರಾಜನಗರದ ನಮ್ಮ ಮನೆಯಲ್ಲಿ ಅದು ಮೀಟರ್ ಬೋರ್ಡಿನ ಬಾಗಿಲ ಒಳಮೈಗೆ ಅಂಟಿದೆ, ಗ್ಯಾಸ್ ಬುಕಿಂಗ್ ನಂಬರಿನ ಪಕ್ಕ. ಎಷ್ಟು ಸಲ ಕೈ ಹಿಡಿದಿದೆಯೋ ಲೆಕ್ಕವಿಲ್ಲ.

ಪ್ರಶ್ನೆ: ವಿಜಯನಗರದಲ್ಲಿ ಮನೆಯಲ್ಲೇ ಲೆಕ್ಕಪತ್ರದ ಕೆಲಸ ಮಾಡುತ್ತೇನೆ. ನನ್ನ ಡೆಸ್ಕ್‌ಟಾಪಿನ ಫೋಲ್ಡರನ್ನು ಹೆಂಡತಿಯ ಲ್ಯಾಪ್‌ಟಾಪಿನಲ್ಲಿ ತೆರೆಯಲು ಹೋದರೆ ಯೂಸರ್ ನೇಮ್, ಪಾಸ್‌ವರ್ಡ್ ಕೇಳುತ್ತದೆ. ದಿನಾ ಹಾಕುವ ಪಿನ್ ಹಾಕಿದರೆ ತಪ್ಪು ಅನ್ನುತ್ತದೆ. ಪರಿಚಯದ ಹುಡುಗ ಫೈರ್‌ವಾಲ್ ಆಫ್ ಮಾಡಿ, ಎಸ್‌ಎಂಬಿ1 ಆನ್ ಮಾಡಿ ಎಂದ. ಮಾಡಲೇ?

ಉತ್ತರ: ದಯವಿಟ್ಟು ಎರಡನ್ನೂ ಮಾಡಬೇಡಿ. ನಿಮ್ಮಲ್ಲಿರುವುದು ಬೇರೆಯವರ ಲೆಕ್ಕ, ಬೇರೆಯವರ ಪ್ಯಾನ್ ನಂಬರು. ಫೈರ್‌ವಾಲ್ ಹೊರಗಿನವರನ್ನು ತಡೆಯುವ ಕಾವಲುಗಾರ; ಎಸ್‌ಎಂಬಿ1 ಎನ್ನುವುದು ಫೈಲ್ ಹಂಚಿಕೆಯ ಹಳೆಯ ಭಾಷೆ. 2017ರ ಮೇ ತಿಂಗಳಲ್ಲಿ ಫೈಲುಗಳಿಗೆ ಬೀಗ ಜಡಿದು ಹಣ ಕೇಳುವ ವಾನಾಕ್ರೈ ಎಂಬ ಪಿಡುಗು ಹರಡಿದ್ದು ಅದರಲ್ಲಿದ್ದ ಬಿರುಕಿನಿಂದ; ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ರೋಗಿಗಳ ಅಪಾಯಿಂಟ್‌ಮೆಂಟುಗಳೇ ರದ್ದಾದವು. ಮೈಕ್ರೋಸಾಫ್ಟ್ ಆ ಬಿರುಕಿಗೆ ತೇಪೆಯನ್ನು ಅದೇ ವರ್ಷ ಮಾರ್ಚಿನಲ್ಲೇ ಕೊಟ್ಟಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಈಗಿನ ವಿಂಡೋಸಿನಲ್ಲಿ ಅದು ಆಫ್ ಆಗಿಯೇ ಬರುತ್ತದೆ. ಹಾಗೇ ಇರಲಿ.

ನಿಮ್ಮ ತೊಂದರೆ ಅದಕ್ಕಿಂತ ಚಿಕ್ಕದು. ಪಿನ್ ನಡೆಯುವುದು ಆ ಕಂಪ್ಯೂಟರಿನ ಮುಂದೆ ಕೂತವರಿಗೆ ಮಾತ್ರ. ನೆಟ್‌ವರ್ಕ್ ಮೂಲಕ ಬರುವವರು ಆ ಖಾತೆಯ ನಿಜವಾದ ಪಾಸ್‌ವರ್ಡ್ ಕೊಡಬೇಕು. ಡೆಸ್ಕ್‌ಟಾಪಿನಲ್ಲಿ ಹಂಚಿಕೆಗೆಂದೇ ಒಂದು ಪ್ರತ್ಯೇಕ ಲೋಕಲ್ ಖಾತೆ ತೆರೆದು, ಗಟ್ಟಿ ಪಾಸ್‌ವರ್ಡ್ ಕೊಟ್ಟು, ಬೇಕಾದ ಒಂದು ಫೋಲ್ಡರನ್ನಷ್ಟೇ ಆ ಖಾತೆಗೆ ಹಂಚಿ. ಇಡೀ ಡ್ರೈವ್ ಹಂಚಬೇಡಿ. ಎರಡೂ ಕಂಪ್ಯೂಟರಿನಲ್ಲಿ ಮನೆಯ ವೈ-ಫೈಯನ್ನು ‘ಪ್ರೈವೇಟ್’ ಎಂದು ಗುರುತು ಮಾಡಿ. ಫೈರ್‌ವಾಲ್ ಆನ್ ಇದ್ದರೂ ಹಂಚಿಕೆ ಆಗ ನಡೆಯುತ್ತದೆ. ಹೋಟೆಲು, ವಿಮಾನ ನಿಲ್ದಾಣದ ವೈ-ಫೈ ಯಾವತ್ತೂ ‘ಪಬ್ಲಿಕ್’ ಆಗಿಯೇ ಇರಲಿ. ಡೆಸ್ಕ್‌ಟಾಪ್ ನಿದ್ದೆಗೆ ಜಾರಿದರೆ ಫೋಲ್ಡರ್ ಸಿಗುವುದಿಲ್ಲ, ಕೆಲಸದ ಹೊತ್ತಿನಲ್ಲಿ ಸ್ಲೀಪ್ ಆಫ್ ಇಡಿ. ಮನೆಗೆ ಬರುವ ಕಕ್ಷಿದಾರರಿಗೆ ಗೆಸ್ಟ್ ವೈ-ಫೈ ಕೊಡಿ. ಅವರಿಗೆ ಇಂಟರ್‌ನೆಟ್ ಸಿಗುತ್ತದೆ, ನಿಮ್ಮ ಫೋಲ್ಡರಿನ ಬಾಗಿಲು ಸಿಗುವುದಿಲ್ಲ.

ಪ್ರಶ್ನೆ: ನಮ್ಮ ಮಹಿಳಾ ಸಮಾಜದ ವರದಿಯನ್ನು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ಹಂಚಿದ ಫೋಲ್ಡರಿನಲ್ಲಿ ಇಟ್ಟೆ. ಮಗಳ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ನೆಟ್‌ವರ್ಕಿನಲ್ಲಿ ಫೈಲ್ ಕೆಟ್ಟಿತೇ? (ಮಲ್ಲೇಶ್ವರದಿಂದ)

ಉತ್ತರ: ಕೆಟ್ಟಿಲ್ಲ ತಾಯಿ, ಧೈರ್ಯವಾಗಿರಿ. ಚಾಮರಾಜಪೇಟೆಯಲ್ಲಿ ಡಿಟಿಪಿ ಅಂಗಡಿ ನಡೆಸಿದ ವರ್ಷಗಳಲ್ಲಿ ಲಗ್ನಪತ್ರಿಕೆ ಹಿಡಿದು ಬಂದ ಎಷ್ಟೋ ಮಂದಿ ಇದೇ ರಾಶಿ ನೋಡಿ ಕಣ್ಣೀರು ಹಾಕಿದ್ದನ್ನು ಕಂಡಿದ್ದೇನೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳು ಕನ್ನಡದ ಅಕ್ಷರಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದಂಥವು. ಆ ಫಾಂಟ್ ಇಲ್ಲದ ಕಂಪ್ಯೂಟರಿಗೆ ಕಾಣುವುದು ಆ ಜಾಗದ ಇಂಗ್ಲಿಷ್ ಅಕ್ಷರ ಮಾತ್ರ. ಈ ಸಲಕ್ಕೆ ನಿಮ್ಮ ಕಂಪ್ಯೂಟರಿನಲ್ಲೇ ಪಿಡಿಎಫ್ ಮಾಡಿ ಫೋಲ್ಡರಿನಲ್ಲಿಡಿ. ಫಾಂಟ್ ಅದರೊಳಗೇ ಸೇರಿಕೊಳ್ಳುತ್ತದೆ, ಮಗಳು ಹಾಗೇ ಪ್ರಿಂಟ್ ತೆಗೆಯಬಹುದು. ಮುಂದಿನ ವರದಿಯನ್ನು ಯೂನಿಕೋಡಿನಲ್ಲೇ, ಅಂದರೆ ಕನ್ನಡದ ಅಕ್ಷರಗಳಿಗೆ ಅವುಗಳದ್ದೇ ಜಾಗವಿರುವ ಪದ್ಧತಿಯಲ್ಲೇ, ಟೈಪ್ ಮಾಡಿ. ಹಳೆಯ ವರದಿಗಳನ್ನು ಯೂನಿಕೋಡಿಗೆ ಬದಲಿಸುವ ಸೌಲಭ್ಯ ನುಡಿಯಲ್ಲೂ ಇದೆ, ಬರಹದಲ್ಲೂ ಇದೆ. ಬದಲಿಸಿದ ಮೇಲೆ ‘ಕಾರ್ಯದರ್ಶಿ’, ‘ವಾರ್ಷಿಕ’ದಂಥ ಪದಗಳ ಅರ್ಕಾವತ್ತನ್ನೂ ಒತ್ತಕ್ಷರಗಳನ್ನೂ ಒಂದೊಂದೇ ಸಾಲು ಓದಿ ನೋಡಿ. ಮೂಲ ಫೈಲನ್ನು ಮಾತ್ರ ಅಳಿಸಬೇಡಿ.